ಸಭೆಯೂ ಕಮ್ಮಟವೂ: ಉರ್ಸುಲಾ ಲೆ ಗ್ವಿನ್ ಅವರ ಅದ್ಭುತಕಥಾವಿಚಾರ

೧

ಕಾವ್ಯಕ್ಕೆ ಹೇತುವಾವುದೆಂಬ ಪ್ರಶ್ನೆಯು ಅಲಂಕಾರಶಾಸ್ತ್ರದಲ್ಲಿ ಬಹು ಪ್ರಾಚೀನವಾದುದು. ದಂಡಿಯು ಸಹಜವಾದ ಪ್ರತಿಭೆ, ನಿರ್ಮಲವಾದ ಶಾಸ್ತ್ರಶ್ರವಣ, ಎಡೆಬಿಡದ ಅಭಿಯೋಗ ಎಂಬ ಮೂರನ್ನು ಹೇಳಿದನು. ಮಮ್ಮಟನು ಶಕ್ತಿನಿಪುಣತೆಗಳೊಡನೆ ಕಾವ್ಯಜ್ಞರ ಶಿಕ್ಷಣದಿಂದ ಸಿದ್ಧಿಸುವ ಅಭ್ಯಾಸವನ್ನು ಸೇರಿಸಿ, ಇವು ಮೂರು ಹೇತುಗಳಲ್ಲ, ಮೂರೂ ಕೂಡಿ ಒಂದೇ ಹೇತುವೆಂದು ನಿರ್ಣಯಿಸಿದನು. ಜಗನ್ನಾಥಪಂಡಿತನಾದರೋ ಪ್ರತಿಭೆಯೊಂದೇ ಸಾಕೆಂದನು. ಕವಿತ್ವವು ಕಲಿಸಿದರೆ ಬರುವುದೇ, ಬರುವುದಾದರೆ ಅದರಲ್ಲಿ ಎಷ್ಟು ಭಾಗ ಬರುವುದು ಎಂಬುದೇ ಈ ವಾದದ ತಿರುಳು.

ಇದೇ ಪ್ರಶ್ನೆಯು ಇಪ್ಪತ್ತನೆಯ ಶತಮಾನದ ಅಮೆರಿಕಾ ದೇಶದಲ್ಲಿ ಸಂಸ್ಥೆಗಳ ರೂಪವನ್ನು ತಾಳಿತು. ಅದ್ಭುತಕಥೆ, ವೈಜ್ಞಾನಿಕ ಕಥೆಗಳನ್ನು ಬರೆಯುವವರು ೧೯೫೬ರಲ್ಲಿ ಪೆನ್ಸಿಲ್ವೇನಿಯಾ ಪ್ರಾಂತದ ಮಿಲ್‌ಫರ್ಡ್ ಎಂಬ ಊರಿನಲ್ಲಿ ಕೂಡಿ, ಒಬ್ಬರ ಕೃತಿಯನ್ನು ಮತ್ತೊಬ್ಬರು ಪರೀಕ್ಷಿಸುವ ಪದ್ಧತಿಯನ್ನು ಆರಂಭಿಸಿದರು. ಅದೇ ಪದ್ಧತಿಯು ೧೯೬೮ರಲ್ಲಿ ಕ್ಲೇರಿಯನ್ ಕಾಲೇಜಿನಲ್ಲಿಯೂ, ೧೯೭೧ರಲ್ಲಿ ಸಿಯಾಟಲ್ ನಗರದಲ್ಲಿಯೂ ಹೊಸಬರಿಗೆ ಶಿಕ್ಷಣಕ್ರಮವಾಗಿ ಏರ್ಪಟ್ಟಿತು. ಇಂತಹ ಕೂಟಗಳಿಗೆ ಕನ್ನಡದಲ್ಲಿ ಕಮ್ಮಟವೆಂಬ ಹೆಸರು ರೂಢಿಯಾಗಿದೆ. ಕಮ್ಮಟವೆಂದರೆ ಮೂಲದಲ್ಲಿ ಟಂಕಸಾಲೆ, ನಾಣ್ಯವನ್ನು ಅಚ್ಚೊತ್ತುವ ಸ್ಥಳ. ಈ ಹೆಸರಿನಲ್ಲಿಯೇ ಅದರ ಗುಣವೂ ದೋಷವೂ ಅಡಗಿವೆ. ಕಮ್ಮಟದಿಂದ ಹೊರಟ ನಾಣ್ಯವು ತೂಕದಲ್ಲಿ ಸರಿಯಾಗಿರುವುದು. ಆದರೆ ಎಲ್ಲ ನಾಣ್ಯಗಳ ಮುಖವೂ ಒಂದೇ ಆಗಿರುವುದು.

ಈ ಗುಣದೋಷಗಳನ್ನು ಪರಿಶೀಲಿಸುವುದಕ್ಕೆ ಉರ್ಸುಲಾ ಕೆ. ಲೆ ಗ್ವಿನ್ (೧೯೨೯–೨೦೧೮) ಅವರ ಜೀವಿತವು ಉತ್ತಮವಾದ ನಿದರ್ಶನ. ಮಕ್ಕಳಿಗಾಗಿ ಅರ್ತ್‌ಸೀ ಎಂಬ ದ್ವೀಪಸಮೂಹದ ಕಥೆಗಳನ್ನು ಬರೆದ ಈ ಲೇಖಕಿಯು ನಾಲ್ಕು ದಶಕಗಳಿಗೂ ಮಿಕ್ಕು ಸಮ್ಮೇಳನಗಳಲ್ಲಿ ಮಾತನಾಡಿದರು, ಕಮ್ಮಟಗಳಲ್ಲಿ ಕಲಿಸಿದರು. ಅವರ ಕಾವ್ಯವಿಚಾರದ ಬಹುಭಾಗವು ಮೊದಲು ಸಭೆಯಲ್ಲಿ ನುಡಿದ ಮಾತಾಗಿ ಹುಟ್ಟಿತು. ಆ ಮಾತುಗಳನ್ನು ಕಾಲಕ್ರಮದಲ್ಲಿಟ್ಟು ನೋಡಿದರೆ, ರೀತಿಯಿಂದ ಹೊರಟು ಔಚಿತ್ಯವನ್ನು ಸೇರಿದ ಒಂದು ಮಾರ್ಗವು ಸ್ಪಷ್ಟವಾಗಿ ಕಾಣುವುದು.

೨

ಲೆ ಗ್ವಿನ್ ಅವರ ತಂದೆ ಆಲ್ಫ್ರೆಡ್ ಕ್ರೋಬರ್ ಅವರು ಪ್ರಸಿದ್ಧ ಮಾನವಶಾಸ್ತ್ರಜ್ಞರು. ತಾಯಿ ಥಿಯೊಡೋರಾ ಅವರು ಗ್ರಂಥಕರ್ತೃಗಳು. ೧೯೬೪ರಲ್ಲಿ ಪ್ರಕಟವಾದ ಎರಡು ಸಣ್ಣ ಕಥೆಗಳಲ್ಲಿ ಅರ್ತ್‌ಸೀ ಲೋಕವು ಮೊದಲು ತಲೆದೋರಿತು. ಪ್ರಕಾಶಕರೊಬ್ಬರು ಸ್ವಲ್ಪ ಬೆಳೆದ ಮಕ್ಕಳಿಗಾಗಿ ಒಂದು ಪುಸ್ತಕವನ್ನು ಬರೆದುಕೊಡಿರೆಂದು ಕೇಳಿದುದರ ಫಲವಾಗಿ ೧೯೬೮ರಲ್ಲಿ ‘ಎ ವಿಜರ್ಡ್ ಆಫ್ ಅರ್ತ್‌ಸೀ’ ಹೊರಬಂದಿತು. ೧೯೭೧ರಲ್ಲಿ ‘ದಿ ಟೂಂಬ್ಸ್ ಆಫ್ ಅಟುವಾನ್’, ೧೯೭೨ರಲ್ಲಿ ‘ದಿ ಫಾರ್ದೆಸ್ಟ್ ಷೋರ್’ ಅದನ್ನು ಅನುಸರಿಸಿದುವು.

ಮೊದಲನೆಯ ಕೃತಿಯಲ್ಲಿಯೇ ಶಿಕ್ಷಣದ ಪ್ರಶ್ನೆಯು ಕಥೆಯ ಬೀಜವಾಗಿದೆ. ನಾಯಕನಾದ ಗೆಡ್ ಎಂಬ ಬಾಲಕನಿಗೆ ದೊರೆತ ಗುರುವು ಓಜಿಯನ್. ಆತನು ಮೌನದಿಂದಲೇ ಕಲಿಸುವವನು. ಆ ಮೌನವನ್ನು ತಾಳಲಾರದೆ ಬಾಲಕನು ರೋಕ್ ದ್ವೀಪದ ವಿದ್ಯಾಶಾಲೆಗೆ ಹೋಗುವನು. ಅಲ್ಲಿ ಒಂಟಿಗೋಪುರದಲ್ಲಿರುವ ನಾಮಾಚಾರ್ಯನು ಸಮುದ್ರದ ಒಂದು ಸಣ್ಣ ಪ್ರದೇಶದ ಅಂಚುಅಂಚಿನ ಹೆಸರುಗಳನ್ನೂ ಪಟ್ಟಿಮಾಡಿ ಕೊಡುವನು. ನಡುರಾತ್ರಿಯಲ್ಲಿ ಮಸಿ ಮಾಸಿಹೋಗುವುದರೊಳಗೆ ಶಿಷ್ಯರು ಅದನ್ನು ಕಂಠಸ್ಥ ಮಾಡಬೇಕು. ಅಮರಕೋಶವನ್ನು ಬಾಯಿಪಾಠ ಮಾಡಿ ಬೆಳೆದವರಿಗೆ ಈ ಗೋಪುರವು ಪರದೇಶವೆಂದು ತೋರದು. ಇಷ್ಟಾದರೂ ಗೆಡ್‌ನು ಅಹಂಕಾರದಿಂದ ತನ್ನ ಛಾಯೆಯನ್ನು ಲೋಕಕ್ಕೆ ಬಿಟ್ಟು ಅನರ್ಥವನ್ನು ತಂದುಕೊಳ್ಳುವುದು ಆ ಶಾಲೆಯಲ್ಲಿಯೇ. ಶಾಲೆಯು ವಿದ್ಯೆಯನ್ನು ಕೊಡಬಲ್ಲುದು, ವಿವೇಕವನ್ನಲ್ಲ ಎಂಬುದು ಈ ಕಥಾಸಂವಿಧಾನದ ಧ್ವನಿ. ಮುಂದೆ ಕಮ್ಮಟಗಳಲ್ಲಿ ಆಚಾರ್ಯಪೀಠವನ್ನು ಏರಿದವರು ಇದನ್ನು ಮೊದಲೇ ಬರೆದಿದ್ದರೆಂಬುದು ಗಮನಾರ್ಹ.

೩

೧೯೭೨ರಲ್ಲಿ ಸಿಯಾಟಲಿನ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಕಮ್ಮಟದಲ್ಲಿ ಮಾಡಿದ ಭಾಷಣವು ಈ ಮಾರ್ಗದ ಮೊದಲ ಮೆಟ್ಟಿಲು. ‘ಫ್ರಮ್ ಎಲ್ಫ್‌ಲ್ಯಾಂಡ್ ಟು ಪೊಕಿಪ್ಸಿ’ ಎಂಬ ಹೆಸರಿನಿಂದ ಅದು ಮರುವರ್ಷ ಅಚ್ಚಾಯಿತು. ಯಕ್ಷಲೋಕಕ್ಕೆ ಹೊರಟ ಓದುಗನನ್ನು ನ್ಯೂಯಾರ್ಕ್ ಪ್ರಾಂತದ ಒಂದು ಸಾಧಾರಣವಾದ ಊರಿನಲ್ಲಿ ಇಳಿಸಿಬಿಡುವ ಬರಹಗಾರರ ಮೇಲೆ ಅಲ್ಲಿಯ ಆಕ್ಷೇಪ. ಸಮಕಾಲೀನವಾದ ಒಂದು ಅದ್ಭುತಕಾದಂಬರಿಯ ಸಂಭಾಷಣೆಯನ್ನು ತೆಗೆದುಕೊಂಡು, ನಾಲ್ಕೇ ಪದಗಳನ್ನು ಬದಲಿಸಿ, ಅದು ಇಂದಿನ ರಾಜಕಾರಣಿಗಳ ಮಾತುಕತೆಯಾಗಿಯೂ ನಿಲ್ಲುವುದೆಂದು ಲೆ ಗ್ವಿನ್ ಅವರು ತೋರಿಸಿಕೊಟ್ಟರು. ಈ ಪರೀಕ್ಷೆಯು ಸಹೃದಯರು ಮೆಚ್ಚತಕ್ಕದ್ದು. ಪದಗಳ ಪರಿವೃತ್ತಿಯನ್ನು ಸಹಿಸುವುದೇ ಇಲ್ಲವೇ ಎಂಬುದರಿಂದ ಶಬ್ದಾರ್ಥಗಳ ಸಂಬಂಧವನ್ನು ಅಳೆಯುವ ಕ್ರಮವು ಆಲಂಕಾರಿಕರಿಗೂ ಪರಿಚಿತವಾದುದು. ಶೈಲಿಯು ಕೃತಿಗೆ ಮೇಲೆ ಸೇರಿಸಿದ ವಸ್ತುವಲ್ಲ, ಅದೇ ಕೃತಿ ಎಂಬುದು ಆ ಭಾಷಣದ ಸಿದ್ಧಾಂತ. ರೀತಿಯನ್ನೇ ಕಾವ್ಯದ ಆತ್ಮವೆಂದ ವಾಮನನ ಪಕ್ಷಕ್ಕೆ ಇದು ಅತಿ ಸಮೀಪವಾದುದು.

೧೯೭೩ರಲ್ಲಿ ಪುಸ್ತಕಭಂಡಾರಗಳವರ ಸಮ್ಮೇಳನದಲ್ಲಿ ಮಾಡಿದ ಭಾಷಣದ ವಿಷಯವು ಅಮೆರಿಕದವರು ಡ್ರ್ಯಾಗನ್ನುಗಳಿಗೆ ಏಕೆ ಹೆದರುತ್ತಾರೆಂಬುದು. ಟೋಲ್ಕಿನ್ ಅವರ ‘ದಿ ಹಾಬಿಟ್’ ಬೇಕೆಂದು ಮಕ್ಕಳ ವಿಭಾಗದಲ್ಲಿ ಕೇಳಿದ ಸ್ನೇಹಿತರೊಬ್ಬರಿಗೆ, ವಾಸ್ತವದಿಂದ ಓಡಿಹೋಗುವ ಅಭ್ಯಾಸವು ಮಕ್ಕಳಿಗೆ ಹಿತವಲ್ಲವಾದುದರಿಂದ ಅದನ್ನು ದೊಡ್ಡವರ ಕಡೆ ಇಟ್ಟಿದೆಯೆಂಬ ಉತ್ತರ ಬಂದ ಪ್ರಸಂಗವನ್ನು ಅಲ್ಲಿ ಹೇಳಿದರು. ಪುಸ್ತಕಗಳನ್ನು ಕಾಯುವವರ ಮುಂದೆಯೇ ಈ ಮಾತನ್ನಾಡಿದುದು ಸಭಾಧೈರ್ಯ. ಲಾಭವನ್ನೇ ಪುರುಷಾರ್ಥವೆಂದೆಣಿಸುವ ಸಮಾಜವು ಕಲ್ಪನೆಯನ್ನು ಬಾಲಿಶವೆಂದು ತಳ್ಳುವುದು. ಆದರೆ ಪ್ರೌಢಿಮೆಯೆಂದರೆ ತನ್ನೊಳಗಿನ ಮಗುವನ್ನು ಕಳೆದುಕೊಳ್ಳುವುದಲ್ಲ, ಉಳಿಸಿಕೊಂಡು ಬೆಳೆಯುವುದು ಎಂಬುದು ಅವರ ವಾದ. ಅದೇ ವರ್ಷ ‘ದಿ ಫಾರ್ದೆಸ್ಟ್ ಷೋರ್’ ಗ್ರಂಥಕ್ಕೆ ಬಾಲಸಾಹಿತ್ಯವಿಭಾಗದಲ್ಲಿ ರಾಷ್ಟ್ರೀಯ ಗ್ರಂಥಪುರಸ್ಕಾರವು ಬಂದಿತು. ೧೯೭೪ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಉಪನ್ಯಾಸ ಮಾಡಿ, ಆಂಡರ್ಸನನ ಛಾಯೆಯ ಕಥೆಯನ್ನೂ ಯೂಂಗ್ ಅವರ ಮನಶ್ಶಾಸ್ತ್ರವನ್ನೂ ಜೋಡಿಸಿ, ಅದ್ಭುತಕಥೆಯು ಅಂತರಂಗದ ಯಾತ್ರೆಯ ಸಹಜಭಾಷೆಯೆಂದು ಪ್ರತಿಪಾದಿಸಿದರು. ಗೆಡ್‌ನ ಛಾಯೆಯನ್ನು ಚಿತ್ರಿಸಿದಾಗ ಯೂಂಗ್ ಅವರ ಗ್ರಂಥಗಳನ್ನು ಅವರು ಓದಿರಲಿಲ್ಲ. ಪ್ರತಿಭೆಯು ಮೊದಲು ಕಂಡುದಕ್ಕೆ ವ್ಯುತ್ಪತ್ತಿಯು ಆಮೇಲೆ ಹೆಸರನ್ನು ಕೊಟ್ಟಿತು.

ಸಭೆಗಳಿಗಿಂತ ಕಮ್ಮಟಗಳಲ್ಲಿ ಅವರ ಮಾತು ಕಡಿಮೆ, ನಿಯಮವು ಹೆಚ್ಚು. ೧೯೭೫ರ ಆಗಸ್ಟ್ ತಿಂಗಳಲ್ಲಿ ಆಸ್ಟ್ರೇಲಿಯಾ ದೇಶದ ಮೆಲ್ಬರ್ನ್ ನಗರದಲ್ಲಿ ನೆರೆದ ಮೂವತ್ತಮೂರನೆಯ ಜಾಗತಿಕ ವೈಜ್ಞಾನಿಕಕಥಾ ಸಮ್ಮೇಳನಕ್ಕೆ ಲೆ ಗ್ವಿನ್ ಅವರು ಗೌರವಾತಿಥಿಗಳು. ಆ ಸಮ್ಮೇಳನಕ್ಕೆ ಮುಂಚೆ ಅಲ್ಲಿಯ ಬರಹಗಾರರಿಗಾಗಿ ಒಂದು ಕಮ್ಮಟವನ್ನು ನಡೆಸಿದರು. ಅಲ್ಲಿ ಹುಟ್ಟಿದ ಕಥೆಗಳನ್ನೂ ಅಭ್ಯಾಸಗಳನ್ನೂ ಲೀ ಹಾರ್ಡಿಂಗ್ ಅವರು ಸಂಪಾದಿಸಿ ೧೯೭೬ರಲ್ಲಿ ‘ದಿ ಆಲ್ಟರ್ಡ್ ಐ’ ಎಂಬ ಗ್ರಂಥವಾಗಿ ಪ್ರಕಟಿಸಿದರು.

ಕಮ್ಮಟದ ಕ್ರಮವೇನೆಂದರೆ: ಎಲ್ಲರೂ ವರ್ತುಲವಾಗಿ ಕುಳಿತುಕೊಳ್ಳುವರು, ಒಬ್ಬೊಬ್ಬರೂ ಸರದಿಯಂತೆ, ಸಂಕ್ಷೇಪವಾಗಿ, ಕೃತಿಯನ್ನು ಕುರಿತು ಮಾತ್ರ ಮಾತನಾಡುವರು, ಎಲ್ಲರ ಮಾತೂ ಮುಗಿಯುವವರೆಗೆ ಬರೆದವರು ಬಾಯಿ ತೆರೆಯುವಂತಿಲ್ಲ. ಹಗಲಿನ ಮೊದಲ ಭಾಗದಲ್ಲಿ ರಚಿಸಿದ ಕಾವ್ಯವನ್ನು ನಾಲ್ಕನೆಯ ಪ್ರಹರದಲ್ಲಿ ಏಕಾಂತದಲ್ಲಿಯೋ ಪರಿಮಿತವಾದ ಪರಿಷತ್ತಿನೊಡನೆಯೋ ಪರೀಕ್ಷಿಸಬೇಕೆಂದು ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ವಿಧಿಸಿರುವನು. ರಸಾವೇಶದಲ್ಲಿ ಬರೆಯುವವನಿಗೆ ವಿವೇಚನೆಯ ದೃಷ್ಟಿ ಇರದೆಂಬುದು ಆತನು ಕೊಟ್ಟ ಕಾರಣ. ಕಮ್ಮಟದ ಮೌನನಿಯಮಕ್ಕೂ ಇದೇ ಕಾರಣ. ಕವಿಯು ಉತ್ತರ ಹೇಳತೊಡಗಿದರೆ ಪರೀಕ್ಷೆಯು ಕೃತಿಯನ್ನು ಬಿಟ್ಟು ಕವಿಯ ಅಭಿಪ್ರಾಯಕ್ಕೆ ಹೊರಳುವುದು. ಓದುಗರ ಕೈಗೆ ಹೋಗುವುದಾದರೋ ಕೃತಿಯೇ ಹೊರತು ಕವಿಯಲ್ಲ. ಓಜಿಯನ್ನನ ಮೌನವು ಇಲ್ಲಿ ಗುರುವಿನಿಂದ ಶಿಷ್ಯನಿಗೆ ಬಂದಿತು.

ಆದರೆ ರಾಜಶೇಖರನು ಭಾವಕರಲ್ಲಿ ನಾಲ್ಕು ಬಗೆಯನ್ನೂ ಹೇಳಿರುವನು: ಯಾವುದೂ ರುಚಿಸದ ಅರೋಚಕಿ, ಹುಲ್ಲುಸಹಿತವಾಗಿ ಎಲ್ಲವನ್ನೂ ಉಣ್ಣುವವನು, ಮತ್ಸರಿ, ತತ್ತ್ವಾಭಿನಿವೇಶಿ. ಕಡೆಯವನು ಸಾವಿರಕ್ಕೊಬ್ಬನು. ವರ್ತುಲದಲ್ಲಿ ಕುಳಿತವರೆಲ್ಲರೂ ಕಡೆಯ ಬಗೆಯವರೇ ಆಗಿರುವುದು ಸಾಧ್ಯವಿಲ್ಲ. ಆಗ ಮಾತನಾಡುವುದು ರುಚಿಯಲ್ಲ, ಸೂತ್ರ. ಕಥೆಯಲ್ಲಿ ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ತೋರಿಸಬೇಕು, ಹೇಳಬಾರದು ಎಂಬುದು ಆ ದೇಶದ ಕಮ್ಮಟಗಳಲ್ಲಿ ಇಂತಹ ಒಂದು ಸೂತ್ರ. ತಮ್ಮಲ್ಲಿಗೆ ಬಂದ ಬರಹಗಾರರು ಈ ಸೂತ್ರಕ್ಕೆ ಅಂಜಿ, ನಿರೂಪಣೆಯನ್ನೇ ಪಾಪವೆಂದು ಭಾವಿಸಿರುವರೆಂದು ಲೆ ಗ್ವಿನ್ ಅವರು ಆಕ್ಷೇಪಿಸಿದರು. ನಾಣ್ಯಗಳಿಗೆಲ್ಲ ಒಂದೇ ಮುಖವನ್ನು ಒತ್ತುವ ಅಚ್ಚು ಯಾವುದೆಂಬುದನ್ನು ಕಮ್ಮಟದೊಳಗಿನವರೇ ಬೆರಳಿಟ್ಟು ತೋರಿಸಿದಂತಾಯಿತು.

ಅವರು ಕೊಟ್ಟ ಅಭ್ಯಾಸಗಳು ಇದಕ್ಕೆ ಪ್ರತ್ಯೌಷಧ. ಕಮ್ಮಟವೊಂದರಿಂದ ಬೆಳೆದು ೧೯೯೮ರಲ್ಲಿ ಪ್ರಕಟವಾದ ‘ಸ್ಟಿಯರಿಂಗ್ ದಿ ಕ್ರಾಫ್ಟ್’ ಗ್ರಂಥದ ಹೆಸರಿನಲ್ಲಿ ಶ್ಲೇಷವಿದೆ. ಕ್ರಾಫ್ಟ್ ಎಂದರೆ ಕೌಶಲವೂ ಹೌದು, ನಾವೆಯೂ ಹೌದು. ವಿರಾಮಚಿಹ್ನೆಗಳೇ ಇಲ್ಲದೆ ಒಂದು ಖಂಡವನ್ನು ಬರೆಯುವುದು, ಏಳು ಪದಗಳಿಗೆ ಮೀರದ ವಾಕ್ಯಗಳಿಂದ ಒಂದನ್ನು, ೩೫೦ ಪದಗಳವರೆಗಿನ ಒಂದೇ ವಾಕ್ಯದಿಂದ ಮತ್ತೊಂದನ್ನು ಬರೆಯುವುದು, ವಿಶೇಷಣ ಕ್ರಿಯಾವಿಶೇಷಣಗಳನ್ನು ಪೂರ್ತಿಯಾಗಿ ವರ್ಜಿಸುವುದು, ಬರೆದುದನ್ನು ಅರ್ಧಕ್ಕೆ ಇಳಿಸುವುದು, ಇವೇ ಅಲ್ಲಿಯ ಅಭ್ಯಾಸಗಳು. ಇವುಗಳಲ್ಲಿ ಒಂದಾದರೂ ಹೀಗೆಯೇ ಬರೆಯಬೇಕೆಂಬ ವಿಧಿಯಲ್ಲ. ಪ್ರತಿಯೊಂದೂ ಕೈಗೆ ಬಳಕೆಯಾದ ಒಂದು ಚಾಳಿಯನ್ನು ಸ್ವಲ್ಪ ಕಾಲ ಕಟ್ಟಿಹಾಕಿ ಮತ್ತೊಂದು ಶಕ್ತಿಯನ್ನು ಎಚ್ಚರಿಸುವ ಉಪಾಯ. ಪ್ರತಿಭೆಯನ್ನು ದುಡಿದು ಪಡೆಯಲಾಗದು, ಕೌಶಲವನ್ನು ಪಡೆಯಬಹುದು, ಕೌಶಲದಿಂದ ಪ್ರತಿಭೆಗೆ ಅರ್ಹರಾಗಬಹುದು ಎಂಬುದು ಆ ಗ್ರಂಥದ ನಿಲುವು. ಇದು ಮಮ್ಮಟನ ಪಕ್ಷವೇ. ಜಗನ್ನಾಥನಿಗೂ ಕೊಂಚ ಮರ್ಯಾದೆಯನ್ನು ಸಲ್ಲಿಸಿದ ಮಮ್ಮಟಪಕ್ಷ.

೪

೧೯೯೦ರಲ್ಲಿ ‘ಟೆಹನು’ ಪ್ರಕಟವಾಯಿತು. ಮೊದಲ ಮೂರು ಕೃತಿಗಳ ವೀರನು ಇಲ್ಲಿ ಶಕ್ತಿಹೀನನು. ಕಥೆಯ ಕಣ್ಣು ಟೆನಾರ್ ಎಂಬ ವಿಧವೆಯ ಕಣ್ಣು. ಅವಳ ಮಡಿಲಲ್ಲಿರುವುದು ಬೆಂಕಿಯಲ್ಲಿ ಸುಟ್ಟ ಒಂದು ಮಗು. ೧೯೯೨ರಲ್ಲಿ ಆಕ್ಸ್‌ಫರ್ಡ್ ನಗರದಲ್ಲಿ ಬಾಲಸಾಹಿತ್ಯವನ್ನು ಕುರಿತ ಕೂಟದಲ್ಲಿ ಲೆ ಗ್ವಿನ್ ಅವರು ತಮ್ಮ ಕೃತಿಗಳನ್ನೇ ಪರೀಕ್ಷೆಗೆ ಒಡ್ಡಿದರು. ಹಿಂದಿನ ಕಥೆಗಳಲ್ಲಿ ವೀರತ್ವವೆಂಬುದು ಪುರುಷರ ಸೊತ್ತಾಗಿದ್ದಿತು, ರೋಕ್ ಶಾಲೆಗೆ ಬಾಲಕರಿಗೆ ಮಾತ್ರ ಪ್ರವೇಶವಿದ್ದಿತು, ಪರಂಪರೆಯ ಅಚ್ಚಿನಲ್ಲಿಯೇ ಅವು ಎರಕಗೊಂಡಿದ್ದುವು ಎಂಬುದು ಅವರ ವಿಮರ್ಶೆಯ ಸಾರ. ಆ ಭಾಷಣವು ‘ಅರ್ತ್‌ಸೀ ರೀವಿಷನ್ಡ್’ ಎಂದು ೧೯೯೩ರಲ್ಲಿ ಅಚ್ಚಾಯಿತು.

ಇಲ್ಲಿ ಎರಡು ವಿಚಾರಗಳನ್ನು ಬೇರ್ಪಡಿಸಬೇಕು. ಮೊದಲನೆಯದು, ಈ ಭಾಷಣವು ಸ್ವೋಪಜ್ಞವ್ಯಾಖ್ಯಾನ. ಕವಿಯೂ ಭಾವಕನೂ ಒಬ್ಬನೇ ಆಗಬಲ್ಲನೇ ಎಂಬ ಚರ್ಚೆಯನ್ನು ರಾಜಶೇಖರನು ಎತ್ತಿರುವನು. ಕವಿಯ ವ್ಯಾಖ್ಯಾನವು ಆದರಣೀಯವೇ. ಆದರೆ ಅದು ವ್ಯಾಖ್ಯಾನಗಳಲ್ಲಿ ಒಂದು. ೧೯೯೨ರ ಮಾತನ್ನೇ ಪ್ರಮಾಣವಾಗಿಟ್ಟು ಮೊದಲ ಮೂರು ಕೃತಿಗಳನ್ನು ಓದುವವರು, ‘ಅಟುವಾನ್’ ಕಥೆಯಲ್ಲಿ ಕತ್ತಲೆಯ ಗರ್ಭಗೃಹವನ್ನು ಬಿಟ್ಟು ಹೊರಡುವ ಬಾಲಿಕೆಯ ಸಂಕಟವನ್ನು ಅದಾಗಲೇ ಎಷ್ಟು ಸೂಕ್ಷ್ಮವಾಗಿ ಬರೆದಿದ್ದರೆಂಬುದನ್ನು ಮರೆಯುವರು. ಕಮ್ಮಟದ ಮೌನನಿಯಮವು ನ್ಯಾಯವಾದರೆ ಅದು ಆಚಾರ್ಯರಿಗೂ ಅನ್ವಯಿಸತಕ್ಕದ್ದು.

ಎರಡನೆಯದು ಇನ್ನೂ ಮುಖ್ಯವಾದುದು. ಯಕ್ಷಲೋಕದ ನುಡಿಗೂ ನಿತ್ಯದ ನುಡಿಗೂ ದೂರವಿರಬೇಕೆಂದು ೧೯೭೨ರಲ್ಲಿ ವಿಧಿಸಿದವರು, ‘ಟೆಹನು’ವಿನಲ್ಲಿ ಆಡು ಮೇಯಿಸುವ, ಒಲೆ ಹಚ್ಚುವ, ಪಾತ್ರೆ ತೊಳೆಯುವ ಮನೆಯ ಮಾತನ್ನೇ ಬಳಸಿದರು. ಹಿಂದಿನ ಭಾಷಣದಲ್ಲಿ ಸರಳತೆಗೆ ನಿಷೇಧವಿರಲಿಲ್ಲವೆಂಬುದು ನಿಜ. ಆದರೆ ದೂರವು ಕಡ್ಡಾಯವಾಗಿದ್ದಿತು. ಆ ದೂರವೇ ಇಲ್ಲಿ ಅಳಿಸಿಹೋಗಿದೆ. ಇದರಿಂದ ಕೃತಿಗೆ ಹಾನಿಯಾಯಿತೇ? ಇಲ್ಲ. ಸುಟ್ಟ ಮಗುವಿನ ಪಕ್ಕದಲ್ಲಿ ಉದಾತ್ತವಾದ ವೀರವಾಣಿಯನ್ನು ನುಡಿಸಿದ್ದರೆ ಅದೇ ರಸಭಂಗಕ್ಕೆ ಕಾರಣವಾಗುತ್ತಿತ್ತು. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದುದು ಇದಕ್ಕಾಗಿಯೇ. ೧೯೭೨ರ ರೀತಿಸಿದ್ಧಾಂತವು ಔಚಿತ್ಯದಲ್ಲಿ ಹೀಗೆ ಪರಿಣಮಿಸಿತು. ಈ ಪರಿಣಾಮವನ್ನು ಲೆ ಗ್ವಿನ್ ಅವರು ಯಾವ ಸಭೆಯಲ್ಲಿ ಆಡಿದ ಮಾತಿಗಿಂತಲೂ ಸ್ಪಷ್ಟವಾಗಿ ಕೃತಿಯೇ ಸಾರುವುದು.

ಸಭೆಗಳ ಓಡಾಟವು ಬರವಣಿಗೆಗೆ ವಿಘ್ನವೆಂಬ ಸಾಮಾನ್ಯವಾದ ಆಕ್ಷೇಪವು ಈ ಉದಾಹರಣೆಯಲ್ಲಿ ನಿಲ್ಲುವುದಿಲ್ಲ. ಸಭೆಯು ಮಕ್ಕಳ ಕಥೆಗೆ ವಿದ್ವಾಂಸರ ನಡುವೆ ಪೀಠವನ್ನು ದೊರಕಿಸಿತು. ೨೦೧೪ರ ನವೆಂಬರಿನಲ್ಲಿ ರಾಷ್ಟ್ರೀಯ ಗ್ರಂಥಪ್ರತಿಷ್ಠಾನದ ಪದಕವನ್ನು ಸ್ವೀಕರಿಸುತ್ತ, ಬಹುಕಾಲ ಹೊರಗೆ ನಿಂತ ಅದ್ಭುತಕಥಾಕಾರರೊಡನೆ ಅದನ್ನು ಹಂಚಿಕೊಳ್ಳುವುದಾಗಿ ನುಡಿದು, ಗ್ರಂಥವನ್ನು ಬರಿಯ ಮಾರಾಟದ ಸರಕೆಂದೆಣಿಸುವ ಪ್ರಕಾಶಕರನ್ನು ಅವರ ಎದುರಿನಲ್ಲಿಯೇ ಖಂಡಿಸಿದರು. ಕಮ್ಮಟವು ಅಭ್ಯಾಸವನ್ನು ಕೊಟ್ಟಿತು. ಎರಡೂ ಕೊಡಲಾರದುದು ಒಂದುಂಟು: ತಾನೇ ಹಾಕಿದ ಸೂತ್ರವನ್ನು ಯಾವ ಎಡೆಯಲ್ಲಿ ಬಿಡಬೇಕೆಂಬ ಅರಿವು. ಸಾಹಿತ್ಯವನ್ನು ಬೋಧಿಸುವವರು ಲೆ ಗ್ವಿನ್ ಅವರ ಭಾಷಣಗಳನ್ನು ಓದಿಸುವಾಗ ಪಕ್ಕದಲ್ಲಿಯೇ ಕೃತಿಗಳನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ಸೂತ್ರವನ್ನು ಭಾಷಣದಿಂದ ಕಲಿಯಬಹುದು. ಅಪವಾದವನ್ನು ಕೃತಿಯಿಂದಲೇ ಕಲಿಯಬೇಕು.