ಸಿಂಪಿಯ ಸ್ಟೌಟ್: ಉಪ್ಪಿನ ಜಾಡು ಹಿಡಿಯುವ ಬಗೆ

ಹುರಿದ ಧಾನ್ಯದಿಂದ ಕಪ್ಪು ಬಣ್ಣವನ್ನೂ ಕಾಫಿಯನ್ನು ನೆನಪಿಸುವ ಕಹಿಯನ್ನೂ ಪಡೆಯುವ ಬಿಯರಿಗೆ ಸ್ಟೌಟ್ ಎಂದು ಹೆಸರು. ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ದುಡಿಯುವ ಜನರ ಪಾನೀಯವಾಗಿದ್ದ ಪೋರ್ಟರ್ ಎಂಬ ಕಂದು ಬಿಯರಿನ ಕಡುಬಗೆಯಾಗಿ ಹುಟ್ಟಿದ ಇದು, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು, ಉರುಳೆಯಲ್ಲಿ ತಿರುಗಿಸುತ್ತ ಕಪ್ಪಾಗುವವರೆಗೆ ಹುರಿಯುವ ವಿಧಾನಕ್ಕೆ ಡೇನಿಯಲ್ ವೀಲರ್ 1817ರಲ್ಲಿ ಪೇಟೆಂಟ್ ಪಡೆದ ಬಳಿಕ ಇಂದಿನ ರೂಪಕ್ಕೆ ಹತ್ತಿರವಾಯಿತು. ಅದೇ ಕಾಲದ ಲಂಡನ್ನಿನಲ್ಲಿ ಸಿಂಪಿಯ ಮಾಂಸ ಬಡವರ ಆಹಾರವಾಗಿತ್ತು. ಡಿಕನ್ಸನ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯ ಸ್ಯಾಮ್ ವೆಲ್ಲರ್ ಬಡತನವೂ ಸಿಂಪಿಯೂ ಜೊತೆಜೊತೆಯಾಗಿಯೇ ಇರುತ್ತವೆಂದು ಹೇಳುವುದು ಈ ಕಾರಣಕ್ಕೆ. ಮುತ್ತು ಕೊಡುವ ಸಿಂಪಿ ಬೇರೊಂದು ಕುಟುಂಬದ್ದು. ಇಲ್ಲಿನದು ತಿನ್ನುವ ಸಿಂಪಿ.

ಹೀಗೆ ಒಂದೇ ಮೇಜಿನ ಮೇಲೆ ಬಹುಕಾಲ ಅಕ್ಕಪಕ್ಕದಲ್ಲಿದ್ದ ಇವೆರಡು ಒಂದೇ ಪಾತ್ರೆಗೆ ಇಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ. 1930ರ ದಶಕದ ಕೊನೆಗೆ ಲಂಡನ್ನಿನ ಹ್ಯಾಮರ್ಟನ್ ಬ್ರೂವರಿ ಇಂಥ ಸ್ಟೌಟನ್ನು ಮಾರುತ್ತಿತ್ತು. ಈಚಿನ ದಶಕಗಳಲ್ಲಿ ಡಬ್ಲಿನ್ನಿನ ಪೋರ್ಟರ್‌ಹೌಸ್ ತಾಜಾ ಸಿಂಪಿ ಹಾಕಿ ತಯಾರಿಸುವ ಸ್ಟೌಟಿನಿಂದ ಹೆಸರಾಗಿದೆ. ಆದರೆ ಸಿಂಪಿಯ ಹೆಸರು ಹೊತ್ತ ಎಲ್ಲ ಸೀಸೆಗಳಲ್ಲಿಯೂ ಸಿಂಪಿ ಇರುವುದಿಲ್ಲ. ಇಂಗ್ಲೆಂಡಿನ ಮಾರ್ಸ್‌ಟನ್ಸ್ ಬ್ರ್ಯಾಂಡಿನ ‘ಆಯ್‌ಸ್ಟರ್ ಸ್ಟೌಟ್’ ಸಿಂಪಿಯೊಡನೆ ಕುಡಿಯಲು ತಕ್ಕುದೆಂಬ ಅರ್ಥದಲ್ಲಿ ಮಾತ್ರ ಆ ಹೆಸರನ್ನು ಪಡೆದಿರುವುದರಿಂದ, ಸಸ್ಯಾಹಾರಿಗಳೂ ಚಿಪ್ಪುಜೀವಿಗಳು ಮೈಗೆ ಒಗ್ಗದವರೂ ಸೀಸೆಯ ಮೇಲಿನ ಪದಾರ್ಥಗಳ ಪಟ್ಟಿಯನ್ನು ಓದಿಯೇ ಮುಂದುವರಿಯಬೇಕು.

ಸಿಂಪಿಯನ್ನು ಹಾಕುವ ಬಗೆಗಳು ಹಲವು. ಮಾಲ್ಟಿನಿಂದ ಇಳಿಸಿದ ಸಿಹಿ ರಸವನ್ನು ಹಾಪ್ಸ್ ಎಂಬ ಕಹಿ ಹೂವಿನೊಡನೆ ಕುದಿಸುವಾಗ ಕೆಲವರು ಚಿಪ್ಪನ್ನು ಮಾತ್ರ ಹಾಕುತ್ತಾರೆ. ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ ಆದುದರಿಂದ ಕಪ್ಪು ಮಾಲ್ಟು ತರುವ ಹುಳಿಯನ್ನು ಒಂದಿಷ್ಟು ತಗ್ಗಿಸಬಲ್ಲದು. ಇನ್ನು ಕೆಲವರು ಕುದಿತದ ಕೊನೆಯ ನಿಮಿಷಗಳಲ್ಲಿ ಮಾಂಸವನ್ನೂ ಚಿಪ್ಪಿನೊಳಗಿನ ಉಪ್ಪುನೀರನ್ನೂ ಸೇರಿಸಿದರೆ, ಮತ್ತೆ ಕೆಲವರು ಹುದುಗು ಮುಗಿದ ಬಿಯರ್ ಪಕ್ವವಾಗುವ ತೊಟ್ಟಿಗೇ ಸಿಂಪಿಯನ್ನು ಇಳಿಸುತ್ತಾರೆ.

ಹೊಸಬರು ದಾರಿ ತಪ್ಪುವುದು ಮೀನಿನ ವಾಸನೆಯನ್ನು ಅರಸುವುದರಿಂದ. ಚೆನ್ನಾಗಿ ತಯಾರಾದ ಸಿಂಪಿಯ ಸ್ಟೌಟಿನಲ್ಲಿ ಅದು ಇರುವುದಿಲ್ಲ, ಇದ್ದರೆ ಅದು ದೋಷವೇ ಸರಿ. ಸಿಂಪಿ ಕೊಡುವುದು ಅತಿ ಸಣ್ಣ ಪ್ರಮಾಣದ ಉಪ್ಪು ಮತ್ತು ನಾಲಗೆಯ ಮೇಲೆ ಒಂದು ಬಗೆಯ ತುಂಬುತನ. ಉಪ್ಪು ಸಾಲದ ಹಾಗಲಕಾಯಿ ಪಲ್ಯ ಹೆಚ್ಚು ಕಹಿಯಾಗಿ ತೋರಿ, ಉಪ್ಪು ಬಿದ್ದೊಡನೆ ಹದಕ್ಕೆ ಬರುವಂತೆ, ಇಲ್ಲಿಯೂ ಉಪ್ಪು ತನ್ನನ್ನು ತೋರಿಸಿಕೊಳ್ಳುವುದಕ್ಕಿಂತ ಹುರಿದ ಕಹಿಯ ಮೊನೆಯನ್ನು ಮುರಿಯುವುದರಲ್ಲಿಯೇ ಹೆಚ್ಚು ಕೆಲಸ ಮಾಡುತ್ತದೆ. ಆದುದರಿಂದ ಇದನ್ನು ಒಂಟಿಯಾಗಿ ಸವಿಯುವುದಕ್ಕಿಂತ, ಸಿಂಪಿಯಿಲ್ಲದ ಒಣರುಚಿಯ ಸ್ಟೌಟೊಂದನ್ನು ಪಕ್ಕದಲ್ಲಿಟ್ಟುಕೊಂಡು ಸವಿಯುವುದು ಉತ್ತಮ. ಒಣರುಚಿಯೆಂದರೆ ಸಕ್ಕರೆಯಂಶ ಬಹುಪಾಲು ಹುದುಗಿ ಹೋಗಿ ಸಿಹಿ ಉಳಿಯದ ಸ್ಥಿತಿ.

ಎರಡೂ ಲೋಟಗಳು 10ರಿಂದ 13 ಡಿಗ್ರಿ ಸೆಲ್ಸಿಯಸ್ಸಿನಲ್ಲಿರಲಿ, ಏಕೆಂದರೆ ಫ್ರಿಜ್ಜಿನಿಂದ ಆಗತಾನೆ ತೆಗೆದ ಬಿಯರಿನ ಚಳಿಗೆ ಪರಿಮಳವೂ ಉಪ್ಪಿನ ಸೂಕ್ಷ್ಮವೂ ಮುದುಡಿಕೊಳ್ಳುತ್ತವೆ. ಮೊದಲು ಮೂಸಿದಾಗ ಹುರಿದ ಬಾರ್ಲಿ, ಕೋಕೋ ಇವೇ ಎದುರಾಗಬೇಕು. ಸಣ್ಣ ಗುಟುಕನ್ನು ಬಾಯಿತುಂಬ ಹರಡಿ, ನುಂಗಿದ ಬಳಿಕ ತುಟಿ ಮುಚ್ಚಿ ಮೂಗಿನಿಂದ ಉಸಿರು ಬಿಟ್ಟಾಗ ಕಹಿ ಹಿಂದೆ ಸರಿಯುವ ಗಳಿಗೆಯಲ್ಲಿ ನಾಲಗೆಯ ಅಂಚುಗಳಲ್ಲಿ ಜೊಲ್ಲು ಊರುವುದನ್ನು ಗಮನಿಸಬೇಕು. ಪಕ್ಕದ ಲೋಟದಲ್ಲಿ ಅದೇ ಗಳಿಗೆ ಹೆಚ್ಚು ಒರಟಾಗಿಯೂ ಬರಿದಾಗಿಯೂ ತೋರಿದರೆ ಸಿಂಪಿಯ ಪಾಲು ಯಾವುದೆಂಬುದು ತಿಳಿದಂತಾಯಿತು. ನೈಟ್ರೊಜನ್ ತುಂಬಿದ ಕೆನೆನೊರೆಯ ಸ್ಟೌಟು ಕಣ್ಣಿಗೆ ಎಷ್ಟೇ ಚೆಂದವಾದರೂ ಆ ನುಣುಪು ಈ ವ್ಯತ್ಯಾಸವನ್ನು ಮರೆಮಾಡುವುದರಿಂದ, ಕಲಿಯುವವರಿಗೆ ಇಂಗಾಲದ ಡೈಆಕ್ಸೈಡಿನ ಚುರುಕಿರುವ ಸೀಸೆಯೇ ಮೇಲು.

ಹಸಿ ಸಿಂಪಿ ದೊರೆಯುವ ಊರುಗಳಲ್ಲಿ, ನಂಬಿಕೆಯ ಅಂಗಡಿಯದಾದರೆ ಮಾತ್ರ, ಅದನ್ನು ನಿಂಬೆರಸವಿಲ್ಲದೆ ತಿಂದು ಮೇಲೊಂದು ಗುಟುಕು ಕುಡಿಯಬಹುದು. ನಿಂಬೆಯ ಹುಳಿ ಹುರಿದ ಮಾಲ್ಟಿನ ಹುಳಿಯೊಡನೆ ಕೂಡಿದರೆ ಎರಡರ ರುಚಿಯೂ ಕೆಡುತ್ತದೆ.