ಪ್ರಶ್ನೆ ಕನ್ನಡದ್ದು, ನಿಯಮ ಯಾರದು?

ತುಮಕೂರು ರಸ್ತೆಯ ನಾಗಸಂದ್ರವು ಒಂದು ಕಾಲಕ್ಕೆ ಬೆಂಗಳೂರಿನ ಹೊರಗಿದ್ದ ಹಳ್ಳಿ. ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆದಂತೆ ಅದು ಬಡಾವಣೆಯಾಯಿತು. 2015ರ ಮೇ 1ರಂದು ಮೆಟ್ರೊ ರೈಲು ಅಲ್ಲಿಯವರೆಗೆ ಬಂದ ಮೇಲೆ ಊರಿಗೂ ನಗರಕ್ಕೂ ಇದ್ದ ಅಂತರ ಅಳಿಸಿಹೋಯಿತು. ಇಂಥ ಬಡಾವಣೆಗಳಲ್ಲಿ ವಾಸಿಸುವ ಜೈನ ಗೃಹಸ್ಥರ ಸಂಜೆಗೆ ಒಂದು ವಿಶೇಷವಿದೆ. ರಾತ್ರಿಭೋಜನ ತ್ಯಾಗವನ್ನು ಪಾಲಿಸುವ ಮನೆಯಲ್ಲಿ ಸೂರ್ಯಾಸ್ತದೊಳಗೆ ಊಟ ಮುಗಿದಿರುತ್ತದೆ. ಆ ಬಳಿಕ ನಿದ್ರೆಯವರೆಗೆ ಮೂರು ನಾಲ್ಕು ಗಂಟೆಗಳ ಬಿಡುವು ಉಳಿಯುತ್ತದೆ. ಹಿರಿಯರು ಈ ಬಿಡುವನ್ನು ಸ್ವಾಧ್ಯಾಯಕ್ಕೂ ಮಕ್ಕಳಿಗೆ ಪುರಾಣಪುರುಷರ ಕಥೆ ಹೇಳುವುದಕ್ಕೂ ಮೀಸಲಿಟ್ಟಿದ್ದರು. ಕಿರುತೆರೆಯ ವಾಹಿನಿಗಳು ಜಾಹೀರಾತಿಗೆ ಅತ್ಯಧಿಕ ಬೆಲೆ ಕಟ್ಟುವುದೂ ಇದೇ ಗಂಟೆಗಳಿಗೆ.

ಈ ವೇಳೆಯನ್ನು ತುಂಬಿದ ಕಾರ್ಯಕ್ರಮಗಳಲ್ಲಿ ಹಲವು, ಬೇರೆ ದೇಶಗಳಲ್ಲಿ ಹುಟ್ಟಿ ಜನಪ್ರಿಯವಾಗಿ ಹಣಕ್ಕೆ ಮಾರಾಟವಾದ ಆಟಗಳು. ಅವು ಕನ್ನಡಕ್ಕೆ ಬರುವಾಗ ಭಾಷೆ ಬದಲಾಗುತ್ತದೆ, ಪ್ರಶ್ನೆಗಳು ನಾಡಿನವಾಗುತ್ತವೆ, ನಿರೂಪಕರು ಜನರು ಪ್ರೀತಿಸುವ ನಟರಾಗುತ್ತಾರೆ. ಬದಲಾಗದೆ ಉಳಿಯುವುದು ಆಟದ ನಿಯಮ. ಯಾರಿಗೆ ಗೆಲುವು, ಯಾವುದಕ್ಕೆ ಬಹುಮಾನ, ಸೋತವನ ಗತಿ ಏನು ಎಂಬುದನ್ನೆಲ್ಲ ನಿಯಮವೇ ನಿರ್ಧರಿಸುತ್ತದೆ. ಆದ್ದರಿಂದ ಇಂಥ ಕಾರ್ಯಕ್ರಮದ ಗುಣದೋಷಗಳನ್ನು ಅಳೆಯುವವರು ಪ್ರಶ್ನೆಗಳಿಗಿಂತ ಮೊದಲು ನಿಯಮಗಳನ್ನು ಪರೀಕ್ಷಿಸಬೇಕು.

ಮೊದಲಿಗೆ ಅತ್ಯಂತ ಪ್ರಸಿದ್ಧವಾದ ಮಾದರಿ. 1998ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಐ.ಟಿ.ವಿ. ವಾಹಿನಿಯಲ್ಲಿ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ ಆರಂಭವಾಯಿತು. 2000ದ ಜುಲೈ 3ರಂದು ಅದು ‘ಕೌನ್ ಬನೇಗಾ ಕರೋಡ್‌ಪತಿ’ಯಾಗಿ ಹಿಂದಿಗೆ ಬಂತು. 2012ರ ಮಾರ್ಚಿನಲ್ಲಿ ಸುವರ್ಣ ವಾಹಿನಿಯಲ್ಲಿ ಪುನೀತ್ ರಾಜ್‌ಕುಮಾರ್ ಅವರ ನಿರೂಪಣೆಯಲ್ಲಿ ‘ಕನ್ನಡದ ಕೋಟ್ಯಧಿಪತಿ’ ಮೊದಲಾಯಿತು. 2018ರ ಆವೃತ್ತಿಯನ್ನು ರಮೇಶ್ ಅರವಿಂದ್ ನಡೆಸಿದರು. 2019ರಲ್ಲಿ ಮತ್ತೆ ಪುನೀತ್ ಅವರೇ ಕಲರ್ಸ್ ಕನ್ನಡ ವಾಹಿನಿಯಲ್ಲಿ ನಡೆಸಿಕೊಟ್ಟರು. ಸಾಮಾನ್ಯ ಉಡುಪಿನ, ಸಾಮಾನ್ಯ ಮಾತಿನ ಜನರು ಆ ಆಸನದಲ್ಲಿ ಕುಳಿತು ತಮ್ಮ ಬದುಕನ್ನು ಹೇಳಿಕೊಂಡದ್ದು, ನಿರೂಪಕರು ಅದನ್ನು ಗೌರವದಿಂದ ಆಲಿಸಿದ್ದು ಈ ಕಾರ್ಯಕ್ರಮದ ಸಾರ್ಥಕ ಅಂಶಗಳು. ತಿಳಿವಿಗೆ ಸಭೆಯಲ್ಲಿ ಮನ್ನಣೆಯುಂಟೆಂಬ ಭಾವವನ್ನೂ ಅದು ಮಕ್ಕಳಲ್ಲಿ ಬಿತ್ತಿತು.

ಆದರೆ ನಿಯಮವನ್ನು ನೋಡಬೇಕು. ಬ್ರಿಟಿಷ್ ಮೂಲದಲ್ಲಿ 15 ಪ್ರಶ್ನೆಗಳ ಏಣಿಯಿತ್ತು. ಸಾವಿರ ಪೌಂಡಿನಿಂದ ಮೇಲಕ್ಕೆ ಮೆಟ್ಟಿಲಿನಿಂದ ಮೆಟ್ಟಿಲಿಗೆ ಹಣವು ಹೆಚ್ಚುಕಡಿಮೆ ಇಮ್ಮಡಿಯಾಗುತ್ತಿತ್ತು. ಕೊನೆಯ ಒಂದೇ ಪ್ರಶ್ನೆಗೆ 5 ಲಕ್ಷ ಪೌಂಡು 10 ಲಕ್ಷವಾಗುತ್ತಿತ್ತು, ತಪ್ಪಿದರೆ 32 ಸಾವಿರಕ್ಕೆ ಕುಸಿಯುತ್ತಿತ್ತು. ಕೊನೆಯ ಪ್ರಶ್ನೆ ಬಲ್ಲವನು ಅದಕ್ಕೆ ಹಿಂದಿನದನ್ನು ಬಲ್ಲವನಿಗಿಂತ ಇಮ್ಮಡಿ ಜ್ಞಾನಿಯೇನಲ್ಲ. ಇಮ್ಮಡಿಯಾಗುವುದು ಆಸೆ ಮಾತ್ರ. ಜ್ಞಾನವನ್ನು ಅಳೆಯುವ ಏಣಿಯೆಂದು ತೋರಿದರೂ ಇದು ಲೋಭವೆಂಬ ಕಷಾಯವನ್ನು ಅಳತೆಗೋಲಾಗಿ ಹಿಡಿದ ಏಣಿ.

ಇದೇ ಆಟದಲ್ಲಿ ಶ್ರಾವಕನು ಮೆಚ್ಚಬೇಕಾದ ನಿಯಮವೂ ಒಂದಿದೆ. ಸ್ಪರ್ಧಿಯು ಯಾವ ಮೆಟ್ಟಿಲಿನಲ್ಲಾದರೂ ‘ಇಷ್ಟು ಸಾಕು’ ಎಂದು, ಗಳಿಸಿದ್ದನ್ನು ತೆಗೆದುಕೊಂಡು ಎದ್ದು ಹೋಗಬಹುದು. ಪರಿಗ್ರಹ ಪರಿಮಾಣವೆಂದರೆ ಇದೇ ಅಲ್ಲವೆ? ತನ್ನ ಅಗತ್ಯದ ಎಲ್ಲೆಯನ್ನು ತಾನೇ ಗೊತ್ತುಪಡಿಸಿ ಅಲ್ಲಿ ನಿಲ್ಲುವುದನ್ನು ಅಣುವ್ರತವು ಬೋಧಿಸುತ್ತದೆ. ಆದರೆ ಪ್ರದರ್ಶನದ ಸಮಸ್ತ ಸಾಮಗ್ರಿಯೂ ಈ ನಿಲುಗಡೆಯ ವಿರುದ್ಧ ದುಡಿಯುತ್ತದೆ. ದೀಪಗಳು ಮಬ್ಬಾಗುತ್ತವೆ, ವಾದ್ಯದ ಸದ್ದು ಎದೆಬಡಿತದಂತೆ ಏರುತ್ತದೆ, ಉತ್ತರದ ಮುನ್ನ ಜಾಹೀರಾತು ಬರುತ್ತದೆ. ಎದ್ದುಹೋದ ಮೇಲೆ, ಆಡಿದ್ದರೆ ಯಾವ ಉತ್ತರ ಕೊಡುತ್ತಿದ್ದಿರೆಂದು ಕೇಳಿ ಅದು ಸರಿಯಿತ್ತೆ ಎಂಬುದನ್ನು ತಿಳಿಸುವುದೂ ವಾಡಿಕೆ. ಉತ್ತರ ಸರಿಯಿದ್ದರೆ ಸಂತೃಪ್ತಿಯ ಕ್ಷಣವೇ ಪಶ್ಚಾತ್ತಾಪದ ಕ್ಷಣವಾಗುತ್ತದೆ. ಮನೆಯಲ್ಲಿ ಕುಳಿತ ಬಾಲಕನು ಕಲಿಯುವ ಪಾಠವೂ ಅದೇ: ಸಾಕೆಂದವನು ಧೈರ್ಯಗೆಟ್ಟವನು.

ಲೋಭವು ಬೆಳೆದೆಡೆ ಮಾಯೆಯೂ ಬರುತ್ತದೆ ಎಂಬುದಕ್ಕೆ ಇಂಥ ಆಟಗಳ ಇತಿಹಾಸವೇ ಸಾಕ್ಷಿ. 1956ರಲ್ಲಿ ಅಮೆರಿಕದ ಎನ್.ಬಿ.ಸಿ. ವಾಹಿನಿಯ ‘ಟ್ವೆಂಟಿ ಒನ್’ ರಸಪ್ರಶ್ನೆಯಲ್ಲಿ ಹರ್ಬರ್ಟ್ ಸ್ಟೆಂಪೆಲ್ ಎಂಬ ಸ್ಪರ್ಧಿಗೆ, ತನಗೆ ಗೊತ್ತಿದ್ದ ಪ್ರಶ್ನೆಗೇ ತಪ್ಪು ಉತ್ತರ ಕೊಟ್ಟು ಸೋಲುವಂತೆ ಸೂಚಿಸಲಾಗಿತ್ತು. ಅವರೆದುರು ಗೆದ್ದವರು ಕೊಲಂಬಿಯ ವಿಶ್ವವಿದ್ಯಾಲಯದ ಅಧ್ಯಾಪಕ ಚಾರ್ಲ್ಸ್ ವ್ಯಾನ್ ಡೋರೆನ್. ಒಟ್ಟು 1,29,000 ಡಾಲರು ಗಳಿಸಿ ದೇಶದ ಕಣ್ಮಣಿಯಾಗಿದ್ದ ಅವರು, ಪ್ರಶ್ನೋತ್ತರಗಳು ಮೊದಲೇ ತಮಗೆ ದೊರೆಯುತ್ತಿದ್ದವೆಂದು 1959ರ ನವೆಂಬರ್ 2ರಂದು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಒಪ್ಪಿಕೊಂಡರು. ಮರುವರ್ಷ ಇಂಥ ವಂಚನೆಯನ್ನು ಅಪರಾಧವಾಗಿಸುವ ಕಾನೂನು ಬಂತು. ಅಲ್ಲಿ ವಂಚಿಸಿದವರು ಆಟ ನಡೆಸುವವರು. ಬ್ರಿಟನ್ನಿನಲ್ಲಿ ಆಡುವವರೇ ವಂಚಿಸಿದರು. ‘ಮಿಲಿಯನೇರ್’ ಆಟದಲ್ಲಿ 2001ರಲ್ಲಿ ಹತ್ತು ಲಕ್ಷ ಪೌಂಡು ಗೆದ್ದ ಸೇನೆಯ ಮೇಜರ್ ಚಾರ್ಲ್ಸ್ ಇಂಗ್ರಾಮ್ ಅವರಿಗೆ ಸಭೆಯಿಂದ ಕೆಮ್ಮಿನ ಮೂಲಕ ಸನ್ನೆ ದೊರೆತಿತ್ತೆಂದು 2003ರಲ್ಲಿ ನ್ಯಾಯಾಲಯ ನಿರ್ಣಯಿಸಿತು. ಓದಿದವರು, ಅಧಿಕಾರಸ್ಥರು, ಗೌರವಸ್ಥರೇ ಜಾರಿದ ಈ ಪ್ರಸಂಗಗಳು ವ್ಯಕ್ತಿನಿಂದೆಗಾಗಿ ನೆನೆಯತಕ್ಕವಲ್ಲ. ತಿಳಿವಿನ ಮೇಲೆ ಅಳತೆ ಮೀರಿದ ಹಣವನ್ನು ಹೇರಿದಾಗ ತಿಳಿವೇ ಮೊದಲು ಬಾಗುತ್ತದೆಂಬ ಎಚ್ಚರಕ್ಕಾಗಿ ನೆನೆಯತಕ್ಕವು.

ಪ್ರಶ್ನೆಯೇ ಇಲ್ಲದ ಆಟಗಳ ವಿಷಯ ಇನ್ನೂ ಸ್ಪಷ್ಟ. ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ‘ಡೀಲ್ ಆರ್ ನೋ ಡೀಲ್’ 2005ರಲ್ಲಿ ಸೋನಿ ವಾಹಿನಿಯ ಮೂಲಕ ಹಿಂದಿಗೆ ಬಂತು. ಮುಚ್ಚಿದ ಪೆಟ್ಟಿಗೆಗಳಲ್ಲಿ ಬೇರೆ ಬೇರೆ ಮೊತ್ತಗಳಿರುತ್ತವೆ. ಸ್ಪರ್ಧಿಯು ಒಂದನ್ನು ಆರಿಸಿ ಉಳಿದವನ್ನು ಒಂದೊಂದಾಗಿ ತೆರೆಸುತ್ತಾನೆ. ಅಲ್ಲಿ ವಿದ್ಯೆಗೂ ಶ್ರಮಕ್ಕೂ ಕೆಲಸವಿಲ್ಲ. ಪಣವಾಗಿ ಇಡುವುದು ತನ್ನ ಹಣವಲ್ಲವಾದ್ದರಿಂದ ಇದು ಜೂಜಲ್ಲವೆಂದು ಕೆಲವರು ವಾದಿಸಬಹುದು. ಆದರೆ ಸಪ್ತವ್ಯಸನಗಳಲ್ಲಿ ದ್ಯೂತವನ್ನು ಮೊದಲು ಎಣಿಸಿದ್ದು ಹಣ ಹೋಗುತ್ತದೆಂಬ ಕಾರಣಕ್ಕಷ್ಟೇ ಅಲ್ಲ. ದುಡಿಯದೆ ಬರುವ ಲಾಭಕ್ಕೆ ಮನಸ್ಸು ಒಗ್ಗಿಹೋಗುತ್ತದೆಂಬ ಕಾರಣಕ್ಕೂ ಹೌದು. ಲೌಕಿಕ ಕಾನೂನು ಕೂಡ ಇಲ್ಲಿ ಬಹಳ ದೂರವಿಲ್ಲ. 2001ರ ಹಣಕಾಸು ಕಾಯ್ದೆಯು ಟಿ.ವಿ.ಯ ಬಹುಮಾನದ ಆಟಗಳನ್ನು ಲಾಟರಿ, ಕುದುರೆ ಪಂದ್ಯ, ಇಸ್ಪೀಟುಗಳ ಸಾಲಿಗೇ ಸೇರಿಸಿ ಶೇಕಡ 30ರ ತೆರಿಗೆಗೆ ಒಳಪಡಿಸಿತು. ಶಾಸ್ತ್ರವು ಕಾನೂನಿಗಿಂತ ಸೂಕ್ಷ್ಮವಾಗಿ ವಿವೇಚಿಸಬಲ್ಲದು. ಪ್ರಾಮಾಣಿಕವಾಗಿ ಉತ್ತರಿಸಿ ಪಡೆದ ಹಣದಲ್ಲಿ ಪರಿಶ್ರಮದ ಅಂಶವಿರುವುದರಿಂದ ಅದನ್ನು ನ್ಯಾಯೋಪಾತ್ತ ಧನವೆನ್ನಲು ಎಡೆಯಿದೆ. ಸಾಲ ತೀರಿಸಲು, ಮಗಳನ್ನು ಓದಿಸಲು ಆ ಹಣ ನೆರವಾದರೆ ಅದನ್ನು ಹೀಗಳೆಯುವುದು ಉಳ್ಳವರ ಅಹಂಕಾರವಾದೀತು. ಪೆಟ್ಟಿಗೆ ತೆರೆದು ಪಡೆದ ಹಣಕ್ಕೆ ಈ ಸಮರ್ಥನೆ ಇಲ್ಲ.

ಮೂರನೆಯ ಬಗೆ, ಮನುಷ್ಯರನ್ನೇ ಆಟದ ಕಾಯಿಗಳಾಗಿಸುವುದು. 1999ರ ಸೆಪ್ಟೆಂಬರಿನಲ್ಲಿ ನೆದರ್ಲೆಂಡ್ಸ್‌ನಲ್ಲಿ ಮೊದಲಾದ ‘ಬಿಗ್ ಬ್ರದರ್’ 2006ರಲ್ಲಿ ಹಿಂದಿಗೂ 2013ರಲ್ಲಿ ಈಟಿವಿ ಕನ್ನಡದ ಮೂಲಕ, ಸುದೀಪ್ ಅವರ ನಿರೂಪಣೆಯಲ್ಲಿ, ಕನ್ನಡಕ್ಕೂ ‘ಬಿಗ್ ಬಾಸ್’ ಆಗಿ ಬಂತು. ಒಂದು ಮನೆಯಲ್ಲಿ ಕೂಡಿಹಾಕಿದವರು ತಮ್ಮೊಳಗೇ ಯಾರು ಹೊರಹೋಗಬೇಕೆಂದು ಹೆಸರಿಸುತ್ತಾರೆ. ಉಳಿಯುವವರು ಯಾರು, ತೆರಳುವವರು ಯಾರೆಂಬುದು ವೀಕ್ಷಕರ ಮತದಿಂದ ತೀರ್ಮಾನವಾಗುತ್ತದೆ. ಜಗಳವಿಲ್ಲದ ದಿನ ಇಲ್ಲಿ ನೀರಸವಾದ ದಿನ. ಅನರ್ಥದಂಡವೆಂದರೆ ಪ್ರಯೋಜನವಿಲ್ಲದ ಪಾಪ. ಆಚಾರ್ಯರು ಅದರ ಐದು ಭೇದಗಳನ್ನು ಹೇಳುವಾಗ ಅಪಧ್ಯಾನವನ್ನೂ ದುಃಶ್ರುತಿಯನ್ನೂ ಸೇರಿಸಿದ್ದಾರೆ. ಅನ್ಯರ ಜಯಾಪಜಯಗಳು, ವಧಬಂಧನಗಳು ಹೇಗೆ ಒದಗಿಯಾವೆಂದು ಮನಸ್ಸಿನಲ್ಲಿ ಚಿಂತಿಸುವುದು ಅಪಧ್ಯಾನವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ರಾಗದ್ವೇಷಗಳನ್ನು ಕೆರಳಿಸಿ ಚಿತ್ತವನ್ನು ಕಲುಷಿತಗೊಳಿಸುವುದನ್ನು ಕೇಳುವುದು ದುಃಶ್ರುತಿ. ಪರಿಚಯವೇ ಇಲ್ಲದ ವ್ಯಕ್ತಿಯೊಬ್ಬರು ಈ ವಾರ ಹೊರಹೋಗಲಿ ಎಂದು ಕುಟುಂಬವೆಲ್ಲ ಕುಳಿತು ಹಾರೈಸುವ ಸಂಜೆಯನ್ನು ಈ ಎರಡು ಪದಗಳಿಗಿಂತ ಖಚಿತವಾಗಿ ವರ್ಣಿಸಲಾಗದು.

‘ಅದು ಬರಿಯ ಆಟ, ಯಾರಿಗೂ ನೋವಿಲ್ಲ’ ಎಂಬ ಸಮಾಧಾನಕ್ಕೆ ಕನ್ನಡದ ಜೈನ ಪರಂಪರೆ ಬಹು ಹಿಂದೆಯೇ ಉತ್ತರಿಸಿದೆ. ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಜೀವವಿಲ್ಲದ ಅದನ್ನು ಕೊಲ್ಲುವ ಸಂಕಲ್ಪವೇ ತಾಯಿಮಗನನ್ನು ಹಲವು ಜನ್ಮಗಳ ದುಃಖಕ್ಕೆ ಈಡುಮಾಡಿತು. ತೆರೆಯ ಮೇಲಿನ ಸ್ಪರ್ಧಿ ಹಿಟ್ಟಿನ ಕೋಳಿಯೂ ಅಲ್ಲ. ಮನೆಮಂದಿಯೂ ಮಾನಾಪಮಾನವೂ ಉಳ್ಳ ಮನುಷ್ಯ.

ಹಾಗಾದರೆ ಪರದೇಶದ ಆಟಗಳೆಲ್ಲ ತ್ಯಾಜ್ಯವೆ? ಹಾಗೆ ಹೇಳುವುದು ಅನೇಕಾಂತ ದೃಷ್ಟಿಗೆ ಸಲ್ಲದು, ಸತ್ಯವೂ ಅಲ್ಲ. ಬ್ರಿಟನ್ನಿನ ಬಿ.ಬಿ.ಸಿ.ಯಲ್ಲಿ 1972ರಲ್ಲಿ ಮೊದಲಾದ ‘ಮಾಸ್ಟರ್‌ಮೈಂಡ್’ ಅತ್ಯಂತ ಕಠಿಣವಾದ ರಸಪ್ರಶ್ನೆಯೆಂದು ಹೆಸರಾದದ್ದು. ಅದರ ವಿಜೇತರಿಗೆ ಸಲ್ಲುವುದು ಒಂದು ಗಾಜಿನ ಬಟ್ಟಲು. ಫ್ರಾನ್ಸಿನ ಅಕ್ಷರ ಮತ್ತು ಅಂಕಿಗಳ ಆಟವೊಂದನ್ನು ಆಧರಿಸಿ 1982ರ ನವೆಂಬರ್ 2ರಂದು ಆರಂಭವಾದ ‘ಕೌಂಟ್‌ಡೌನ್’ ಆಟದಲ್ಲಿ ಗೆದ್ದವರಿಗೆ ಚಹಾ ಪಾತ್ರೆ, ಸರಣಿಯ ವಿಜೇತರಿಗೆ ಆಕ್ಸ್‌ಫರ್ಡ್ ನಿಘಂಟಿನ ಸಂಪುಟಗಳು ದೊರೆಯುವ ಸಂಪ್ರದಾಯ ಬೆಳೆಯಿತು. ದಶಕಗಳ ಕಾಲ ಜನರು ಅವನ್ನು ಪ್ರೀತಿಯಿಂದ ನೋಡಿದರು. ಹಣವಿಲ್ಲದೆ ಕುತೂಹಲ ಹುಟ್ಟದೆಂಬ ಮಾತನ್ನು ಹಣದ ಆಟಗಳ ತವರಿನಲ್ಲೇ ಈ ಆಟಗಳು ಸುಳ್ಳುಮಾಡಿವೆ. ಕನ್ನಡದ ಮನೆಗಳಿಗೆ ಪರಿಚಿತವಾದದ್ದು ಮಾತ್ರ ಕೋಟಿಯ ಆಟ, ಗಾಜಿನ ಬಟ್ಟಲಿನ ಆಟವಲ್ಲ. ಆದ್ದರಿಂದ ಆಕ್ಷೇಪವು ಪರದೇಶದ ಮೇಲಲ್ಲ, ಆಯ್ಕೆಯ ಮೇಲೆ.

ಕನ್ನಡವು ತಾನೇ ರೂಪಿಸಿಕೊಂಡ ಮಾದರಿಯೂ ಕಣ್ಣೆದುರಿಗಿದೆ. 2002ರ ಜನವರಿ 4ರಂದು ಬೆಂಗಳೂರು ದೂರದರ್ಶನದ ಚಂದನ ವಾಹಿನಿಯಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’ ಮೂರು ಸಾವಿರ ಕಂತುಗಳನ್ನು ದಾಟಿತು. ವೃತ್ತಿಯಿಂದ ವೈದ್ಯರಾದ ಡಾ. ನಾ. ಸೋಮೇಶ್ವರ ಅವರು ಪ್ರಶ್ನೆ ಕೇಳುತ್ತಾರೆ. ಸರಿಯುತ್ತರಕ್ಕೆ ಕನ್ನಡದ ಪುಸ್ತಕವೇ ಬಹುಮಾನ. ಉತ್ತರದ ಹಿಂದಿನ ವಿಷಯವನ್ನು ವಿವರಿಸುವುದರಿಂದ ತಪ್ಪಿದವನೂ ಬರಿಗೈಯಲ್ಲಿ ಹೋಗುವುದಿಲ್ಲ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರಗಳೆಂಬ ನಾಲ್ಕು ದಾನಗಳನ್ನು ಬಲ್ಲ ಸಮಾಜಕ್ಕೆ ಇದು ಹೊಸ ಮಾತಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ನಾಡಿದು. ಈ ಕಾರ್ಯಕ್ರಮಕ್ಕೆ ಕೋಟಿಯ ಆಟದ ವೈಭವವಿಲ್ಲ. ರಂಗಸಜ್ಜಿಕೆ ಸರಳ, ನಡಿಗೆ ನಿಧಾನ, ಎಳೆಯರಿಗೆ ಕೆಲವೊಮ್ಮೆ ಸಪ್ಪೆಯೆನಿಸಲೂಬಹುದು. ಆದರೆ ಬಹುಮಾನವೂ ಪ್ರಶ್ನೆಯೂ ಒಂದೇ ಜಾತಿಯವು. ತಿಳಿವಿಗೆ ಕೊಟ್ಟದ್ದು ಮತ್ತಷ್ಟು ತಿಳಿವನ್ನೇ.

ಈ ವಿವೇಚನೆ ಬಸದಿಗಳ ಟ್ರಸ್ಟುಗಳಿಗೆ ನೇರವಾಗಿ ಸಂಬಂಧಿಸಿದ್ದು. ದಶಲಕ್ಷಣ ಪರ್ವ, ಮಹಾವೀರ ಜಯಂತಿ, ಬೇಸಿಗೆಯ ಶಿಬಿರಗಳಲ್ಲಿ ಮಕ್ಕಳಿಗೆ ಧಾರ್ಮಿಕ ರಸಪ್ರಶ್ನೆ ನಡೆಸುವಾಗ ಕಿರುತೆರೆಯ ಆಟದ ಅನುಕರಣೆ ಸುಲಭವಾಗಿ ನುಸುಳುತ್ತದೆ. ಅದೇ ಆಸನ, ಅದೇ ಸಂಗೀತ, ಏರುವ ನಗದು ಬಹುಮಾನ, ಸುತ್ತಿನಿಂದ ಸುತ್ತಿಗೆ ಹೊರಹಾಕುವ ಕ್ರಮ. ಪ್ರಶ್ನೆ ಅಪರಿಗ್ರಹದ ಬಗೆಗಿದ್ದು ನಿಯಮ ಲೋಭದ್ದಾದರೆ ಮಗುವಿನ ಮನಸ್ಸಿನಲ್ಲಿ ಉಳಿಯುವುದು ನಿಯಮವೇ. ಸೋತವರನ್ನೂ ಕೊನೆಯವರೆಗೆ ಕೂರಿಸಿಕೊಳ್ಳುವುದು, ಪ್ರತಿ ಉತ್ತರವನ್ನೂ ವಿವರಿಸುವುದು, ಭಾಗವಹಿಸಿದ ಪ್ರತಿ ಮಗುವಿಗೂ ಒಂದೊಂದು ಪುಸ್ತಕ ಕೊಡುವುದು, ಪ್ರಶ್ನೆ ಸಿದ್ಧಪಡಿಸುವವರ ಮಕ್ಕಳನ್ನು ಸ್ಪರ್ಧೆಯಿಂದ ದೂರವಿಡುವುದು—ಇವು ಹೆಚ್ಚು ವೆಚ್ಚದ ಸುಧಾರಣೆಗಳಲ್ಲ. ನಗದಿಗೆ ಮೀಸಲಿಟ್ಟ ದಾನಿಗಳ ಹಣವು ಪುಸ್ತಕಕ್ಕೆ ತಿರುಗಿದರೆ ಅದು ಶಾಸ್ತ್ರದಾನವೂ ಆಗುತ್ತದೆ.

ಗೃಹಸ್ಥರ ಪಾಲಿಗೆ ಉಳಿಯುವುದು ಸೂರ್ಯಾಸ್ತದ ಬಳಿಕದ ಆ ಮೂರು ನಾಲ್ಕು ಗಂಟೆಗಳು. ಟಿ.ವಿ.ಯನ್ನು ಮನೆಯಿಂದ ಹೊರಹಾಕಬೇಕೆಂದು ಯಾರೂ ಹೇಳಬೇಕಾಗಿಲ್ಲ. ಆಟ ಮುಗಿದ ಮೇಲೆ, ಎದ್ದುಹೋದ ಸ್ಪರ್ಧಿ ‘ಇಷ್ಟು ಸಾಕು’ ಎಂದದ್ದು ಸರಿಯೆ ತಪ್ಪೆ ಎಂದು ತಂದೆತಾಯಿ ಮಕ್ಕಳನ್ನು ಒಮ್ಮೆ ಕೇಳಬಹುದು. ಆ ಪ್ರಶ್ನೆಗೆ ನಾಲ್ಕು ಆಯ್ಕೆಗಳಿರುವುದಿಲ್ಲ. ಮಗುವಿನ ಉತ್ತರದಿಂದ ಮನೆಯಲ್ಲಿ ಯಾವ ನಿಯಮ ಬೇರೂರಿದೆಯೆಂಬುದು ತಿಳಿಯುತ್ತದೆ.