ಲೈಸೆನ್ಸ್ ಇಲ್ಲದ ನೇರಪ್ರಸಾರ ಎಂಬುದಿಲ್ಲ

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಲಗ್ನಪತ್ರಿಕೆಯ ಮೂಲೆಯಲ್ಲಿ ಕ್ಯೂಆರ್ ಕೋಡ್ ಅಚ್ಚಾಗುವುದು ಈಗ ಹೊಸದೇನಲ್ಲ. ಬರಲಾಗದ ನೆಂಟರು ಮುಹೂರ್ತವನ್ನು ಮೊಬೈಲಿನಲ್ಲೇ ನೋಡುತ್ತಾರೆ. ಬೀರೂರಿನ ಮೈಲಾರಲಿಂಗ ಸ್ವಾಮಿಯ ಕಾರ್ಣಿಕ, ಅಂತರಘಟ್ಟೆಯ ದುರ್ಗಾಂಬಾ ಜಾತ್ರೆ, ಊರೂರಿನ ಕಬಡ್ಡಿ, ಎಲ್ಲವೂ ಯೂಟ್ಯೂಬಿಗೋ ಫೇಸ್‌ಬುಕ್ಕಿಗೋ ಏರುತ್ತವೆ. ಸ್ವಂತ ಸ್ಟ್ರೀಮಿಂಗ್ ಸರ್ವರ್ ಇಟ್ಟುಕೊಳ್ಳೋಣ ಎಂದರೆ ಬರುವ ಉತ್ತರ ಎಲ್ಲರಿಗೂ ಗೊತ್ತಿರುವುದೇ. ಒಂದು ಕಾಲದಲ್ಲಿ ಅದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿತ್ತು, ಲೈಸೆನ್ಸ್ ಕೀಲಿ ಬೇಕಿತ್ತು. ಆಮೇಲೆ ಮುಕ್ತ ತಂತ್ರಾಂಶ ಬಂದು ಲೈಸೆನ್ಸಿನ ಕಾಟ ತಪ್ಪಿತು. ಈಗಂತೂ ವೇದಿಕೆಗಳು ಬಂದು ಸರ್ವರಿನ ಕಾಟವೂ ತಪ್ಪಿದೆ, ಇನ್ನೇಕೆ ಚಿಂತೆ?

ಈ ಕಥನದ ಯಾವ ಹಂತವನ್ನೂ ನಾನು ಒಪ್ಪುವುದಿಲ್ಲ. ಲೈಸೆನ್ಸ್ ಎಲ್ಲಿಯೂ ತಪ್ಪಿಲ್ಲ, ಜಾಗ ಬದಲಿಸಿದೆ ಅಷ್ಟೆ. ಅದೂ ನಾವು ಓದಬಹುದಾದ ಜಾಗದಿಂದ ಯಾರೂ ಓದದ ಜಾಗಕ್ಕೆ.

ಎಲ್ಲರೂ ಬೈಯುವ ಆ ಹಳೆಯ ಕೀಲಿಯನ್ನೇ ಮೊದಲು ನೋಡೋಣ. 1995ರಲ್ಲಿ ರಿಯಲ್ ಆಡಿಯೊ ತಂದ ಕಂಪನಿ ಮುಂದೆ ರಿಯಲ್ ನೆಟ್‌ವರ್ಕ್ಸ್ ಎಂದು ಹೆಸರಾಯಿತು. ಅದರ ಸರ್ವರ್ ಲಿನಕ್ಸ್, ಸೊಲಾರಿಸ್, ಫ್ರೀಬಿಎಸ್‌ಡಿ ಎಲ್ಲದರ ಮೇಲೂ ಓಡುತ್ತಿತ್ತು. ಇಳಿಸಿಕೊಂಡ ಬೈನರಿ ಕಡತಕ್ಕೆ ಓಡುವ ಅನುಮತಿ ಕೊಟ್ಟು ಚಾಲೂ ಮಾಡಿದರೆ ಅದು ಲೈಸೆನ್ಸ್ ಕಡತ ಎಲ್ಲಿದೆ ಎಂದು ಕೇಳುತ್ತಿತ್ತು. ಇಮೇಲಿನಲ್ಲಿ ಬಂದ ಆ ಸಣ್ಣ ಕಡತದ ವಿಳಾಸ ಟೈಪು ಮಾಡಿ, ಕರಾರು ಪತ್ರಕ್ಕೆ ಹೂಂ ಎಂದು, ಅಡ್ಮಿನ್ ಹೆಸರು ಪಾಸ್‌ವರ್ಡ್ ಕೊಟ್ಟರೆ ನಂತರದ್ದು ಪೋರ್ಟುಗಳ ಸರದಿ: ಹಳೆಯ ಪ್ಲೇಯರುಗಳಿಗೆ 7070, ಆರ್‌ಟಿಎಸ್‌ಪಿಗೆ 554, ಎಚ್‌ಟಿಟಿಪಿಗೆ 80 ಅಥವಾ 8080. ಅನೇಕರು ಸೋಲುತ್ತಿದ್ದದ್ದು ಇಲ್ಲಿ. ಯುನಿಕ್ಸಿನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟನ್ನು ಸಾಮಾನ್ಯ ಬಳಕೆದಾರ ಹಿಡಿಯುವಂತಿಲ್ಲ. ರೂಟ್ ಆಗಿ ಚಾಲೂ ಮಾಡದಿದ್ದರೆ 554ರಲ್ಲಿ ಸರ್ವರ್ ಏಳುವುದೇ ಇಲ್ಲ. ದೋಷ ಪೋರ್ಟಿನದು, ಬೈಗುಳ ಲೈಸೆನ್ಸಿಗೆ.

ಆ ಲೈಸೆನ್ಸ್ ಕಡತದ ಬಗ್ಗೆ ನನಗೆ ಒಂದು ಗೌರವವಿದೆ. ಅದರಲ್ಲಿ ಮಿತಿ ಅಂಕಿಯಲ್ಲಿ ಇರುತ್ತಿತ್ತು: ಏಕಕಾಲಕ್ಕೆ ಇಷ್ಟು ಸ್ಟ್ರೀಮ್, ಇಂಥ ದಿನಾಂಕದವರೆಗೆ. ಉಚಿತ ಆವೃತ್ತಿಗೂ ಮಿತಿ ಇತ್ತು, ಅದೂ ಮೊದಲೇ ತಿಳಿಯುತ್ತಿತ್ತು. ಸ್ಟ್ರೀಮಿಗೊಂದು ಲೆಕ್ಕ ಎನ್ನುವುದನ್ನು ಬರೀ ದುರಾಸೆ ಎಂದು ತಳ್ಳಿಹಾಕುವವರು ಸ್ಟ್ರೀಮಿಂಗಿನ ಮೂಲ ಗುಣವನ್ನೇ ಮರೆಯುತ್ತಾರೆ. ಭದ್ರಾವತಿ ಆಕಾಶವಾಣಿ 1965ರಿಂದ ಪ್ರಸಾರ ಮಾಡುತ್ತಿದೆ. ತರೀಕೆರೆಯಲ್ಲಿ ಹತ್ತು ಮನೆಯವರು ರೇಡಿಯೊ ಹಚ್ಚಿದರೂ ಹತ್ತು ಸಾವಿರ ಮನೆಯವರು ಹಚ್ಚಿದರೂ ಅದರ ಟ್ರಾನ್ಸ್‌ಮಿಟರಿಗೆ ಒಂದೇ. ಸರ್ವರಿಗೆ ಹಾಗಲ್ಲ. ಪ್ರತಿ ಕೇಳುಗನಿಗೂ ಅದು ಬೇರೆಯದೇ ಒಂದು ಪ್ರತಿಯನ್ನು ಕಳಿಸಬೇಕು. 64 ಕೆಬಿಪಿಎಸ್ ಧ್ವನಿಯನ್ನು ನೂರು ಜನ ಕೇಳಿದರೆ 6.4 ಎಂಬಿಪಿಎಸ್ ಅಪ್‌ಲೋಡ್ ಬೇಕು. ಒಬ್ಬ ಕೇಳುಗ ಒಂದು ಗಂಟೆ ಕೇಳಿದರೆ 28.8 ಎಂಬಿ ಡೇಟಾ. ಹಳೆಯ ಲೈಸೆನ್ಸ್ ಈ ವಾಸ್ತವಕ್ಕೆ ಕನ್ನಡಿ ಹಿಡಿಯಿತು. ಊರಿನವರು ಎಷ್ಟು ಜನಕ್ಕೆ ಮುಟ್ಟಿಸಬೇಕು ಎಂಬುದನ್ನು ಮೊದಲೇ ಯೋಚಿಸುವಂತೆ ಮಾಡಿತು.

ಹಾಗಾದರೆ ಆ ಪದ್ಧತಿ ಸರಿಯಿತ್ತೇ? ಇರಲಿಲ್ಲ. ಬ್ಯಾಂಡ್‌ವಿಡ್ತ್ ಖರ್ಚು ನಮ್ಮದು, ಯಂತ್ರ ನಮ್ಮದು; ನೂರೊಂದನೆಯ ಕೇಳುಗ ಬಂದರೆ ಮಾರಿದವನಿಗೆ ನಯಾ ಪೈಸೆ ನಷ್ಟವಿಲ್ಲ. ಇದ್ದದ್ದನ್ನು ಅಳೆಯುವುದು ಬೇರೆ, ಅಳತೆಯನ್ನೇ ಮಾರುವುದು ಬೇರೆ. ಇನ್ನೂ ದೊಡ್ಡ ತಕರಾರು ದಿನಾಂಕದ್ದು. ಕೀಲಿ ಮುಗಿದ ಮೇಲೆ ಅದನ್ನು ನವೀಕರಿಸಲು ಕಂಪನಿ ಬದುಕಿರಬೇಕು, ಅದಕ್ಕೆ ಮನಸ್ಸೂ ಇರಬೇಕು. 2002ರಲ್ಲಿ ರಿಯಲ್ ನೆಟ್‌ವರ್ಕ್ಸ್ ಹೀಲಿಕ್ಸ್ ಹೆಸರಿನಲ್ಲಿ ಮೂಲಸಂಕೇತ ತೆರೆಯುವುದಾಗಿ ಸಾರಿತು. ತೆರೆದದ್ದು ದೊಡ್ಡ ಭಾಗವೇ. ಆದರೆ ಜನ ಕೇಳುತ್ತಿದ್ದ, ಧ್ವನಿಯನ್ನು ಕುಗ್ಗಿಸಿ ಬಿಡಿಸುವ ಕೋಡೆಕ್‌ಗಳನ್ನು ಒಳಗೇ ಇಟ್ಟುಕೊಂಡಿತು. ಈಗ ಆ ಸರ್ವರ್ ಮಾರುಕಟ್ಟೆಯಲ್ಲೇ ಇಲ್ಲ. ಅದನ್ನು ನಂಬಿ ಧ್ವನಿ ಸಂಗ್ರಹ ಕಟ್ಟಿದವರು ಯಂತ್ರ ಚೆನ್ನಾಗಿದ್ದರೂ ಹೊಸ ದಾರಿ ಹುಡುಕಬೇಕಾಯಿತು.

ಮುಕ್ತ ತಂತ್ರಾಂಶ ಬಂದು ಲೈಸೆನ್ಸ್ ಹೋಯಿತು ಎಂಬ ಎರಡನೆಯ ನಂಬಿಕೆ ಕನ್ನಡದಲ್ಲಿ ವಿಶೇಷವಾಗಿ ಬೇರೂರಿದೆ. ಕಾರಣವೂ ಇದೆ. ತಂತ್ರಾಂಶ ಯಾರದು ಎಂಬ ಚರ್ಚೆ ನಮ್ಮಲ್ಲಿ ನಡೆದದ್ದು ಹೆಚ್ಚಾಗಿ ಫಾಂಟು, ಕೀಲಿಮಣೆಯ ಸುತ್ತ. ನಮ್ಮದೇ ಜಿಲ್ಲೆಯ ಮೂಡಿಗೆರೆಯಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶಕ್ಕಾಗಿ ಜಗಳವಾಡಿದ್ದು ಎಲ್ಲರಿಗೂ ನೆನಪಿದೆ. ಆ ಜಗಳ ಬೇಕಾಗಿತ್ತು. ಆದರೆ ಚರ್ಚೆ ಅಕ್ಷರದ ಬಳಿಯೇ ನಿಂತಿತು, ಸರ್ವರಿನವರೆಗೆ ಬರಲಿಲ್ಲ. ಹಾಗಾಗಿ ‘ಫ್ರೀ’ ಎಂದರೆ ದುಡ್ಡಿಲ್ಲದ್ದು ಎಂಬ ಅರ್ಥವೇ ಉಳಿಯಿತು.

ಐಸ್‌ಕಾಸ್ಟ್ ಎಂಬ ಮುಕ್ತ ಸ್ಟ್ರೀಮಿಂಗ್ ಸರ್ವರಿಗೂ ಲೈಸೆನ್ಸ್ ಇದೆ: ಜಿಪಿಎಲ್ ಎಂಬ ಮುಕ್ತ ಲೈಸೆನ್ಸಿನ ಎರಡನೆಯ ಆವೃತ್ತಿ. ಅದು ನಿರಾಕರಿಸುವುದಕ್ಕಿಂತ ಕೊಡುವುದು ಹೆಚ್ಚು, ಕೊಟ್ಟದ್ದನ್ನು ಹಿಂತೆಗೆದುಕೊಳ್ಳುವ ದಿನಾಂಕ ಅದರಲ್ಲಿಲ್ಲ. ಕೇಳುಗರ ಲೆಕ್ಕ ಅದಕ್ಕೆ ಬೇಡ. ಓಡಿಸುವವನ ಮೇಲೆ ಯಾವ ಹೊರೆಯೂ ಇಲ್ಲ. ಹಂಚುವವನ ಮೇಲೆ ಇದೆ. ತರೀಕೆರೆಯ ಕೇಬಲ್ ಆಪರೇಟರ್ ತನ್ನ ಕಚೇರಿಯಲ್ಲಿ ಅದನ್ನು ಓಡಿಸಿ ಊರಿಗೆಲ್ಲ ಭಜನೆ ಕೇಳಿಸಿದರೆ ಯಾರಿಗೂ ಏನೂ ಕೊಡಬೇಕಿಲ್ಲ. ಅದನ್ನೇ ತಿದ್ದಿ ಪೆಟ್ಟಿಗೆಯಲ್ಲಿ ತುಂಬಿ ಅಜ್ಜಂಪುರದ ಆಪರೇಟರಿಗೆ ಮಾರಿದರೆ, ತಿದ್ದಿದ ಮೂಲಸಂಕೇತವನ್ನೂ ಕೊಡುವ ಬಾಧ್ಯತೆ ಬರುತ್ತದೆ. ಅಜ್ಜಂಪುರದವನಿಗೆ ಅದು ರಕ್ಷಣೆ. ಲೈಸೆನ್ಸೇ ಇಲ್ಲ ಎಂದು ನಂಬಿದವನಿಗೆ ಈ ರಕ್ಷಣೆ ತನಗಿದೆ ಎಂದೂ ಗೊತ್ತಿರುವುದಿಲ್ಲ.

ಸರ್ವರಿನ ಲೈಸೆನ್ಸ್ ಒಂದು ಪದರ ಮಾತ್ರ, ಅದರ ಕೆಳಗೆ ಕೋಡೆಕ್‌ನದು ಇನ್ನೊಂದು. ಎಂಪಿ3ಯ ಪೇಟೆಂಟ್ ಲೈಸೆನ್ಸಿಂಗ್ ನಿಂತದ್ದು 2017ರಲ್ಲಿ. ಅಲ್ಲಿಯವರೆಗೆ ಸರ್ವರ್ ಮುಕ್ತವಾಗಿದ್ದರೂ ಅದರಲ್ಲಿ ಹರಿಯುವ ಎಂಪಿ3 ಧ್ವನಿ ಮುಕ್ತವಾಗಿರಲಿಲ್ಲ. ಐಸ್‌ಕಾಸ್ಟ್ ತಂಡದವರು ಆಗ್ ವೋರ್ಬಿಸ್ ಎಂಬ ಮುಕ್ತ ಕೋಡೆಕ್‌ಗೆ ಅಂಟಿಕೊಂಡದ್ದನ್ನು ಹಟ ಎಂದು ನಕ್ಕವರಿದ್ದಾರೆ. ಅವರು ಲೈಸೆನ್ಸನ್ನು ಕೊನೆಯ ಪದರದವರೆಗೆ ಓದಿದ್ದರು ಎಂದು ನಾನು ಹೇಳುತ್ತೇನೆ.

ಅನುಸ್ಥಾಪನೆ ಕಷ್ಟ ಎಂಬ ಮಾತನ್ನೂ ಪರೀಕ್ಷಿಸಬೇಕು. ಡೆಬಿಯನ್‌ನಲ್ಲಿ ಐಸ್‌ಕಾಸ್ಟ್2 ಪ್ಯಾಕೇಜ್ ಹಾಕಲು ಒಂದು ಸಾಲು ಸಾಕು. ಅದೇ ಹೋಸ್ಟ್ ಹೆಸರು, ಪಾಸ್‌ವರ್ಡ್ ಕೇಳಿಕೊಳ್ಳುತ್ತದೆ. ಮೂಲ ಸಂರಚನಾ ಕಡತವನ್ನು ತೆರೆದರೆ ಕಾಣುವ ಪಾಸ್‌ವರ್ಡ್ ‘ಹ್ಯಾಕ್‌ಮಿ’. ಬದಲಿಸದೆ ಬಿಟ್ಟವನಿಗೆ ಇದಕ್ಕಿಂತ ನೇರವಾದ ಎಚ್ಚರಿಕೆ ಬೇರೆ ಬೇಕಿಲ್ಲ. ಅದೇ ಕಡತದಲ್ಲಿ ಕೇಳುಗರ ಮಿತಿ 100, ಮೂಲಗಳ ಮಿತಿ 2, ಪೋರ್ಟು 8000. ಹಳೆಯ ಕಂಪನಿ ಮಾರುತ್ತಿದ್ದ ಅಂಕಿಯೇ ಇದು, ಈಗ ನಮ್ಮ ಕೈಯಲ್ಲಿ ತಿದ್ದಲು ಸಿಗುತ್ತದೆ. ಐಸ್‌ಕಾಸ್ಟ್ ರೂಟ್ ಆಗಿ ಓಡಲು ಒಪ್ಪುವುದಿಲ್ಲ. 8000 ಎಂಬ ಪೋರ್ಟು 1024ರ ಮೇಲಿರುವುದರಿಂದ ಅದರ ಅಗತ್ಯವೂ ಬೀಳುವುದಿಲ್ಲ. ಕಲ್ಯಾಣ ಮಂಟಪದ ಮಿಕ್ಸರಿನಿಂದ ಒಂದು ಕೇಬಲ್ ಲ್ಯಾಪ್‌ಟಾಪಿಗೆ, ಲ್ಯಾಪ್‌ಟಾಪಿನಲ್ಲಿ ಬಟ್ ಎಂಬ ಸಣ್ಣ ಉಚಿತ ತಂತ್ರಾಂಶ, ಅಲ್ಲಿಂದ ಸರ್ವರಿಗೆ. ನಿಜವಾದ ತೊಡಕು ಬೇರೆ ಕಡೆಯಿದೆ. ಮೊಬೈಲ್ ಸಂಪರ್ಕಕ್ಕೂ ಹಲವು ಮನೆ ಫೈಬರ್ ಸಂಪರ್ಕಗಳಿಗೂ ಸ್ವಂತ ಸಾರ್ವಜನಿಕ ಐಪಿ ವಿಳಾಸ ಇರುವುದಿಲ್ಲ, ಹೊರಗಿನವರು ಒಳಗೆ ಬರುವ ಬಾಗಿಲೇ ಇಲ್ಲ. ಸ್ಟ್ಯಾಟಿಕ್ ಐಪಿ ಕೊಳ್ಳಬೇಕು, ಇಲ್ಲವೇ ಬಾಡಿಗೆ ಸರ್ವರಿನಲ್ಲಿ ಐಸ್‌ಕಾಸ್ಟ್ ಇಟ್ಟು ಇಲ್ಲಿಂದ ಒಂದೇ ಸ್ಟ್ರೀಮ್ ಕಳಿಸಬೇಕು. ಇದನ್ನು ಯಾರೂ ಹೇಳುವುದಿಲ್ಲ. ‘ಲಿನಕ್ಸ್ ಕಷ್ಟ’ ಎಂದು ಮುಗಿಸುತ್ತಾರೆ.

ಇನ್ನು ವೇದಿಕೆಗಳು. ನನ್ನ ಮುಖ್ಯ ಜಗಳ ಇರುವುದು ಇವುಗಳೊಂದಿಗೆ. ಯೂಟ್ಯೂಬಿಗೆ ನಾವು ದುಡ್ಡು ಕೊಡುವುದಿಲ್ಲ ನಿಜ, ಲೈಸೆನ್ಸ್ ಕೊಡುತ್ತೇವೆ. ಏರಿಸಿದ ವಿಡಿಯೊವನ್ನು ಜಗತ್ತಿನಾದ್ಯಂತ ರಾಯಧನವಿಲ್ಲದೆ ಬಳಸುವ, ಬೇರೆಯವರಿಗೆ ವರ್ಗಾಯಿಸುವ ಹಕ್ಕನ್ನು ಕರಾರು ಅವರಿಗೆ ಕೊಡುತ್ತದೆ. ಅದರ ಮೇಲೆ ಜಾಹೀರಾತು ಹಾಕಿ ನಮಗೆ ಪಾಲು ಕೊಡದಿರುವ ಹಕ್ಕೂ ಅದರಲ್ಲಿದೆ. ರಿಯಲ್ ಸರ್ವರಿನಲ್ಲಿ ಕಂಪನಿ ನಮಗೆ ಲೈಸೆನ್ಸ್ ಕೊಡುತ್ತಿತ್ತು. ಇಲ್ಲಿ ಕೊಡುವವರು ನಾವು, ಪಡೆಯುವವರು ಅವರು. ಈ ತಿರುವನ್ನು ‘ಲೈಸೆನ್ಸ್ ತಪ್ಪಿತು’ ಎಂದು ಕರೆಯುವುದು ಹೇಗೆ?

ಇದರ ಪರಿಣಾಮ ಕಣ್ಣಿಗೆ ಕಾಣುವುದು ಮದುವೆಗಳಲ್ಲಿ. ವಾಲಗದವರು ಸಿನಿಮಾ ಹಾಡೊಂದನ್ನು ನುಡಿಸಿದರೂ, ಮಂಟಪದ ಸ್ಪೀಕರಿನಲ್ಲಿ ಧ್ವನಿಮುದ್ರಿಕೆ ಹಾಕಿದರೂ ವೇದಿಕೆಯ ಯಂತ್ರ ಅದನ್ನು ಗುರುತಿಸಬಹುದು. ಆಗ ನೇರಪ್ರಸಾರದ ಜಾಗದಲ್ಲಿ ಒಂದು ಸ್ಥಿರ ಚಿತ್ರ ಬರಬಹುದು, ಪ್ರಸಾರವೇ ನಿಲ್ಲಬಹುದು. ಧಾರೆಯ ಹೊತ್ತು ಕಾಯುವುದಿಲ್ಲ. ಭಾರತದ ಕೃತಿಸ್ವಾಮ್ಯ ಕಾಯಿದೆ, 1957ರ 52(1)(ಝಡ್‌ಎ) ಕಲಮು ಧಾರ್ಮಿಕ ಸಮಾರಂಭದಲ್ಲಿ ಸಂಗೀತ ನುಡಿಸುವುದು, ಧ್ವನಿಮುದ್ರಿಕೆ ಕೇಳಿಸುವುದು ಉಲ್ಲಂಘನೆಯಲ್ಲ ಎನ್ನುತ್ತದೆ. ಮದುವೆಯ ಮೆರವಣಿಗೆ, ಮದುವೆಗೆ ಸೇರಿದ ಸಂಭ್ರಮಗಳೂ ಅದರ ವಿವರಣೆಯಲ್ಲಿವೆ. ಮಂಟಪದಾಚೆಗಿನ ನೇರಪ್ರಸಾರಕ್ಕೂ ಅದು ಅನ್ವಯಿಸುತ್ತದೆಯೇ ಎಂಬುದನ್ನು ಎರಡೂ ಕಡೆಯಿಂದ ವಾದಿಸಬಹುದು. ಆದರೆ ಮುಹೂರ್ತದ ಮಧ್ಯೆ ಯಂತ್ರದ ಮುಂದೆ ವಾದಕ್ಕೆ ಎಡೆಯೇ ಇಲ್ಲ. ಸಂಸತ್ತು ಕೊಟ್ಟ ವಿನಾಯಿತಿಯನ್ನು ನಾವೇ ಒಪ್ಪಿದ ಕರಾರು ಕೈಗೆಟುಕದಂತೆ ಮಾಡುತ್ತದೆ.

ಸ್ವಂತ ಸರ್ವರ್ ಇಟ್ಟವನು ಸಂಗೀತದ ಲೈಸೆನ್ಸಿನಿಂದ ಪಾರಾದ ಎಂದು ನಾನು ಹೇಳುತ್ತಿಲ್ಲ. ಅವನ ಹೊಣೆ ಹೆಚ್ಚುತ್ತದೆ. ರೇಡಿಯೊ, ಟಿವಿಯವರಿಗೆ ಅದೇ ಕಾಯಿದೆಯ 31ಡಿ ಕಲಮಿನಡಿ ನಿಗದಿತ ದರದಲ್ಲಿ ಹಾಡು ಬಳಸುವ ದಾರಿಯಿದೆ. ಅಂತರಜಾಲದ ಸ್ಟ್ರೀಮಿಂಗಿಗೆ ಆ ದಾರಿ ಇಲ್ಲ ಎಂದು ಸಂಗೀತ ಕಂಪನಿ ಟಿಪ್ಸ್ ಮತ್ತು ಸ್ಟ್ರೀಮಿಂಗ್ ಸೇವೆ ವಿಂಕ್ ನಡುವಿನ ಮೊಕದ್ದಮೆಯಲ್ಲಿ ಬಾಂಬೆ ಹೈಕೋರ್ಟ್ 2019ರಲ್ಲಿ ಹೇಳಿತು, 2022ರಲ್ಲಿ ವಿಭಾಗೀಯ ಪೀಠ ಅದನ್ನು ಎತ್ತಿಹಿಡಿಯಿತು. ಅಂದರೆ ಕಡೂರಿನ ಪುಟ್ಟ ಇಂಟರ್ನೆಟ್ ರೇಡಿಯೊ ಚಿತ್ರಗೀತೆ ಹಾಕಬೇಕೆಂದರೆ ಹಕ್ಕುದಾರರ ಬಳಿ ಚೌಕಾಸಿ ಮಾಡಬೇಕು. ನನ್ನ ತೀರ್ಪು ಸ್ಪಷ್ಟ: ಸಣ್ಣ ಊರಿನ ಸ್ಟ್ರೀಮಿಂಗಿಗೆ ಇರುವ ಅತಿ ದೊಡ್ಡ ಅಡ್ಡಿ ಇದು. ಸಾಫ್ಟ್‌ವೇರಿನ ಕೀಲಿ ಇದರ ಮುಂದೆ ಏನೇನೂ ಅಲ್ಲ. ಇದಕ್ಕೆ ಉತ್ತರವೂ ಊರಿನಲ್ಲೇ ಇದೆ. ಸೋಬಾನೆ, ಭಜನೆ, ಹವ್ಯಾಸಿ ನಾಟಕ, ಹರಿಕಥೆ, ಅಡಿಕೆ ಧಾರಣೆ, ಕಾರ್ಣಿಕ: ಹಾಡಿದವರನ್ನು, ನುಡಿದವರನ್ನು ಕೇಳಿ ಒಪ್ಪಿಗೆ ಪಡೆಯಬಹುದಾದ ಧ್ವನಿಗಳು ಇವು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ರೇಡಿಯೊ ಶುರುವಾದಾಗ ಸಮುದಾಯಕ್ಕೆ ರೇಡಿಯೊ ಲೈಸೆನ್ಸ್ ಸಿಗುವಂತಿರಲಿಲ್ಲ. ಅವರು ಕೇಬಲ್ ಮೂಲಕವೇ ಊರಿನ ಧ್ವನಿಯನ್ನು ಮನೆಗಳಿಗೆ ಮುಟ್ಟಿಸಿದರು. ಸರ್ಕಾರೇತರ ಸಂಸ್ಥೆಗಳಿಗೆ ಸಮುದಾಯ ರೇಡಿಯೊ ತೆರೆದದ್ದು 2006ರಲ್ಲಿ. ಲೈಸೆನ್ಸಿನ ನಕಾಶೆಯನ್ನು ಸರಿಯಾಗಿ ಓದಿದವರು ಮಾತ್ರ ಅಂಥ ಸಂದು ಕಂಡುಕೊಳ್ಳುತ್ತಾರೆ.

ಪ್ರತಿವಾದವೊಂದನ್ನು ನಾನು ಪೂರ್ತಿ ಒಪ್ಪುತ್ತೇನೆ. ವಿಡಿಯೊಗೆ ಈ ಲೆಕ್ಕ ಹೊಂದುವುದಿಲ್ಲ. 1.5 ಎಂಬಿಪಿಎಸ್ ವಿಡಿಯೊವನ್ನು ನೂರು ಜನ ನೋಡಿದರೆ 150 ಎಂಬಿಪಿಎಸ್ ಅಪ್‌ಲೋಡ್ ಬೇಕು. ಜಾತ್ರೆಯನ್ನು ಸಾವಿರಾರು ಜನ ನೋಡುತ್ತಾರೆ. ಅಲ್ಲಿ ವೇದಿಕೆಯೇ ಸರಿ, ಅದರ ಕರಾರನ್ನು ಓದಿಕೊಂಡು. ಆದರೆ ಕಾರ್ಣಿಕಕ್ಕೆ ವಿಡಿಯೊ ಏಕೆ ಬೇಕು? ಬಯಲು ತುಂಬ ನೆರೆದ ಜನ ಸುಮ್ಮನಾಗುತ್ತಾರೆ, ಒಂದೇ ಒಂದು ನುಡಿ ಬರುತ್ತದೆ, ಆಮೇಲೆ ಮಳೆಬೆಳೆಗೂ ರಾಜಕೀಯಕ್ಕೂ ಅದರ ಅರ್ಥ ಬಿಡಿಸುವ ಕೆಲಸ. ಆ ನುಡಿಯನ್ನು ಜನಸಂದಣಿಯ ಮೇಲೆ ಎತ್ತಿ ಹಿಡಿದ ಮೊಬೈಲಿನ ಮೈಕ್‌ಗೆ ಬಿಡುವುದಕ್ಕಿಂತ ಧ್ವನಿವರ್ಧಕದ ಮಿಕ್ಸರಿನಿಂದ ನೇರ ಎಳೆದು ಓಪಸ್ ಕೋಡೆಕ್‌ನಲ್ಲಿ 32 ಕೆಬಿಪಿಎಸ್‌ಗೆ ಕಳಿಸಿದರೆ ನೂರು ಕೇಳುಗರಿಗೆ 3.2 ಎಂಬಿಪಿಎಸ್ ಸಾಕು. ಐಸ್‌ಕಾಸ್ಟಿನ ಡಂಪ್-ಫೈಲ್ ಎಂಬ ಒಂದು ಸಾಲನ್ನು ಸೇರಿಸಿದರೆ ಹೋದ ಸ್ಟ್ರೀಮಿನ ಪ್ರತಿ ಅಲ್ಲೇ ಡಿಸ್ಕಿನಲ್ಲಿ ಉಳಿಯುತ್ತದೆ. ಹತ್ತು ವರ್ಷದ ಕಾರ್ಣಿಕ, ಜಾಹೀರಾತಿಲ್ಲದೆ, ಯಾರ ಖಾತೆ ಮುಚ್ಚಿದರೂ ಹೋಗದಂತೆ, ಊರಿನ ಬಳಿ ಇರಬಹುದು.

ನಡೆಸುವವರು ಯಾರು ಎಂದು ಕೊನೆಗೆ ಕೇಳುತ್ತಾರೆ. ಕೇಬಲ್ ಕಚೇರಿಯಲ್ಲಿ ಫೈಬರ್ ಜೋಡಿಸಿ, ಒಎಲ್‌ಟಿ ಎಂಬ ಫೈಬರ್ ಯಂತ್ರದಲ್ಲಿ ಗ್ರಾಹಕರ ಸಂಪರ್ಕ ಒಂದೊಂದಾಗಿ ಸಂರಚಿಸಿ, ಕರೆಂಟು ಹೋದಾಗ ಯುಪಿಎಸ್ ನೋಡಿಕೊಳ್ಳುವ ಹುಡುಗರು ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಊರಿನಲ್ಲಿ ಇದ್ದಾರೆ. ಅವರದೇ ಜಾಲದೊಳಗೆ ಸರ್ವರ್ ಇಟ್ಟರೆ ಊರಿನ ಕೇಳುಗರಿಗೆ ಇಂಟರ್ನೆಟ್ ಬ್ಯಾಂಡ್‌ವಿಡ್ತ್ ಕೂಡ ಖರ್ಚಾಗುವುದಿಲ್ಲ. ಅಷ್ಟು ಕೆಲಸ ಬಲ್ಲವರಿಗೆ ಒಂದು ಸಂರಚನಾ ಕಡತವೂ ಕೆಲವೇ ಪುಟಗಳ ಲೈಸೆನ್ಸೂ ಮೀರಿದ್ದು ಎಂಬ ಮಾತನ್ನು ನಾನು ಒಪ್ಪಲಾರೆ.